ಆಟ ಅಮೆರಿಕದ್ದು, ಜಾಹೀರಾತು ಕೆನಡಾದ್ದು

ಕೆನಡಾದಲ್ಲಿ ಟಿವಿ ಕೇಂದ್ರಗಳು ಪ್ರಸಾರ ಶುರು ಮಾಡಿದ್ದು 1952ರ ಸೆಪ್ಟೆಂಬರ್‌ನಲ್ಲಿ. ಮೊದಲು ಮಾಂಟ್ರಿಯಲ್, ಎರಡು ದಿನ ಬಿಟ್ಟು ಟೊರೊಂಟೊ. ಅಷ್ಟು ಹೊತ್ತಿಗಾಗಲೇ ಆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಟಿವಿ ಪೆಟ್ಟಿಗೆ ಬಂದು ಕೂತಿತ್ತು. ಟೊರೊಂಟೊದಿಂದ ನೇರವಾಗಿ ಅಳೆದರೆ ನೂರು ಕಿಲೋಮೀಟರ್ ದೂರದಲ್ಲಿರುವ ಅಮೆರಿಕದ ಬಫಲೊ ನಗರದಲ್ಲಿ 1948ರಲ್ಲೇ ಟಿವಿ ಕೇಂದ್ರ ತೆರೆದಿತ್ತು. ನಡುವೆ ಅಡ್ಡ ಬರಲು ಬೆಟ್ಟಗುಡ್ಡಗಳಿಲ್ಲ, ಬಹುಪಾಲು ಒಂಟಾರಿಯೊ ಸರೋವರದ ನೀರೇ. ಚಾವಣಿಯ ಮೇಲಿನ ಆ್ಯಂಟೆನಾವನ್ನು ದಕ್ಷಿಣಕ್ಕೆ ತಿರುಗಿಸಿದರೆ ಅಮೆರಿಕ ಮನೆಯೊಳಗೆ ಬರುತ್ತಿತ್ತು, ಅದರ ಜೊತೆಗೆ ಅಮೆರಿಕದ ಫುಟ್‌ಬಾಲ್ ಕೂಡ.

ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಅಂಡಾಕಾರದ ಚೆಂಡು, ಹೆಲ್ಮೆಟ್, ಗಜಗಜಕ್ಕೂ ಗೆರೆ ಎಳೆದ ಮೈದಾನದ ಗ್ರಿಡೈರನ್ ಆಟ. ಕೆನಡಾ ಈ ಆಟವನ್ನು ಅಮೆರಿಕದಿಂದ ಎರವಲು ತಂದುಕೊಂಡದ್ದೂ ಅಲ್ಲ. ರಗ್ಬಿಯಿಂದ ಹೊರಟ ಆಟ ಎರಡೂ ಕಡೆ ತನ್ನದೇ ರೀತಿಯಲ್ಲಿ ಬೆಳೆಯಿತು. ಅಮೆರಿಕದಲ್ಲಿ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಕೆನಡಾದಲ್ಲಿ ಮೂರೇ. ಅಲ್ಲಿ ಹನ್ನೊಂದು ಆಟಗಾರರು, ಇಲ್ಲಿ ಹನ್ನೆರಡು. ಅಲ್ಲಿ 100 ಗಜದ ಮೈದಾನ, ಇಲ್ಲಿ 110 ಗಜದ್ದು. ಕೆನಡಾದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಗ್ರೇ ಕಪ್ ಪಂದ್ಯ ನಡೆಯುತ್ತಿರುವುದು 1909ರಿಂದ. ಅಮೆರಿಕದ ಅಂಥದ್ದೇ ಪಂದ್ಯ ಸೂಪರ್ ಬೌಲ್ ಶುರುವಾಗಿದ್ದು 1967ರಲ್ಲಿ.

ಐವತ್ತರ ದಶಕದಲ್ಲಿ ಎರಡು ಕಡೆಯ ಅಂತರ ಇವತ್ತಿನಷ್ಟು ದೊಡ್ಡದಿರಲಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಪ್ರಶಸ್ತಿಯನ್ನು 1952ರಲ್ಲಿ ಗೆದ್ದ ಬಿಲ್ಲಿ ವೆಸಲ್ಸ್, ತನ್ನನ್ನು ಆರಿಸಿಕೊಂಡಿದ್ದ ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನು ಬಿಟ್ಟು ಕೆನಡಾದ ಎಡ್ಮಂಟನ್‌ಗೆ ಹೋಗಿ ಆಡಿದರು. 1954ರಲ್ಲಿ ಕಾಲೇಜು ಪಂದ್ಯಗಳ ಹಕ್ಕು ಅಮೆರಿಕದ ಟಿವಿ ಜಾಲ ಎಬಿಸಿಯ ಪಾಲಾದಾಗ, ಶನಿವಾರ ತೋರಿಸಲು ಫುಟ್‌ಬಾಲ್ ಇಲ್ಲದ ಇನ್ನೊಂದು ಜಾಲ ಎನ್‌ಬಿಸಿ ಕೆನಡಾದ ಪಂದ್ಯಗಳನ್ನು ಕೊಂಡುಕೊಂಡಿತು. ಟೊರೊಂಟೊ, ಹ್ಯಾಮಿಲ್ಟನ್, ಒಟ್ಟಾವಾ, ಮಾಂಟ್ರಿಯಲ್ ತಂಡಗಳ ಆಟ ಅಮೆರಿಕದ ಮನೆಮನೆಗೆ ಹೋಯಿತು. ಗಡಿ ದಾಟಿದ ಪ್ರಸಾರದ ಚರಿತ್ರೆಯಲ್ಲಿ ಆಟ ಉತ್ತರದಿಂದ ದಕ್ಷಿಣಕ್ಕೂ ಹರಿದಿತ್ತು ಎಂಬುದನ್ನು ನಾವು ಮರೆಯಬಾರದು.

ಹಾಗೆ ಹರಿದ ಇನ್ನೊಂದು ಸಂದರ್ಭ 1962ರ ಗ್ರೇ ಕಪ್. ವಿನಿಪೆಗ್ ಮತ್ತು ಹ್ಯಾಮಿಲ್ಟನ್ ನಡುವಿನ ಆ ಪಂದ್ಯವನ್ನು ಅಮೆರಿಕದಲ್ಲಿ ಎಬಿಸಿ ತೋರಿಸಿತು. ಡಿಸೆಂಬರ್ 1ರಂದು ಟೊರೊಂಟೊದ ಸರೋವರದ ಕಡೆಯಿಂದ ಎದ್ದ ಮಂಜು ಮೈದಾನವನ್ನು ಮುಚ್ಚಿತು. ಗಾಳಿಗೆ ಎಸೆದ ಚೆಂಡು ಎಲ್ಲಿ ಬಿತ್ತೆಂದು ಆಟಗಾರರಿಗೇ ತಿಳಿಯದಂತಾಯಿತು. ಇನ್ನು 9 ನಿಮಿಷ 29 ಸೆಕೆಂಡು ಬಾಕಿ ಇರುವಾಗ ಪಂದ್ಯ ನಿಲ್ಲಿಸಿ, ಮಿಕ್ಕದ್ದನ್ನು ಮಾರನೆಯ ದಿನ ಆಡಿಸಿದರು. ವಿನಿಪೆಗ್ 28–27ರಿಂದ ಗೆದ್ದಿತು. ಅಮೆರಿಕನ್ನರಿಗೆ ಕೆನಡಾದ ಫುಟ್‌ಬಾಲ್ ತೋರಿಸಲು ಸಿಕ್ಕ ಅಪರೂಪದ ಮಧ್ಯಾಹ್ನ ಮಂಜಿನ ಪಾಲಾಯಿತು.

ಆದರೆ ಆ ವರ್ಷದ ನಿಜವಾದ ಜಗಳ ನಡೆದದ್ದು ಪಂದ್ಯಕ್ಕೆ ಮುಂಚೆ, ಕೆನಡಾದೊಳಗೇ. ಹುಟ್ಟಿ ಒಂದು ವರ್ಷವಷ್ಟೇ ಆಗಿದ್ದ ಖಾಸಗಿ ಜಾಲ ಸಿಟಿವಿ ಗ್ರೇ ಕಪ್ ಹಕ್ಕು ಪಡೆದಿತ್ತು. ದೇಶದ ಮೂಲೆಮೂಲೆ ತಲುಪುವ ಶಕ್ತಿ ಇದ್ದದ್ದು ಸರ್ಕಾರಿ ಸಿಬಿಸಿಗೆ. ಸಿಟಿವಿಯ ಪ್ರಸಾರವನ್ನು ಜಾಹೀರಾತು ಸಮೇತ ಸಿಬಿಸಿಯೂ ತೋರಿಸಬೇಕು ಎಂದು ನಿಯಂತ್ರಣ ಮಂಡಳಿ ಹೇಳಿತು. ಪಂದ್ಯ ತೋರಿಸುತ್ತೇವೆ, ಇನ್ನೊಬ್ಬರ ಜಾಹೀರಾತು ತೋರಿಸುವುದಿಲ್ಲ ಎಂದು ಸಿಬಿಸಿ ಪಟ್ಟು ಹಿಡಿಯಿತು. ಕೊನೆಗೆ ರಾಜಿಯಾಯಿತು. ಮುಂದಿನ ಅರವತ್ತು ವರ್ಷಗಳ ಜಗಳವೆಲ್ಲ ಇದೇ ಪ್ರಶ್ನೆಯ ಸುತ್ತ ತಿರುಗಿದೆ: ಪಂದ್ಯದ ನಡುವೆ ಬರುವ ಆ ಮೂವತ್ತು ಸೆಕೆಂಡು ಯಾರದು?

ಕ್ರಿಕೆಟ್ ನೋಡುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಓವರ್ ಮುಗಿದಾಗಲೆಲ್ಲ ಜಾಹೀರಾತು ಬರುವಂತೆ, ಗ್ರಿಡೈರನ್‌ನಲ್ಲೂ ಆಟ ನಿಂತುನಿಂತು ನಡೆಯುತ್ತದೆ. ಟಿವಿಗಾಗಿಯೇ ಹೇಳಿ ಮಾಡಿಸಿದಂತಿರುವ ಈ ಬಿಡುವುಗಳೇ ಅಮೆರಿಕದ ಲೀಗ್ ಎನ್‌ಎಫ್‌ಎಲ್ ಅನ್ನು ಬೆಳೆಸಿದವು. ತಂಡಗಳೆಲ್ಲ ಒಟ್ಟಾಗಿ ಹಕ್ಕು ಮಾರಲು ಅನುವು ಮಾಡಿಕೊಡುವ ಕಾನೂನನ್ನು ಅಮೆರಿಕ 1961ರಲ್ಲಿ ತಂದಿತು. 1962ರಲ್ಲಿ ವರ್ಷಕ್ಕೆ 46.5 ಲಕ್ಷ ಡಾಲರ್ ಕೊಟ್ಟ ಟಿವಿ ಜಾಲ ಸಿಬಿಎಸ್, ಎರಡೇ ವರ್ಷದಲ್ಲಿ 1.41 ಕೋಟಿ ಡಾಲರ್ ಕೊಡಬೇಕಾಯಿತು. 2021ರಲ್ಲಿ ಮಾಡಿಕೊಂಡ ಹನ್ನೊಂದು ವರ್ಷಗಳ ಒಪ್ಪಂದಗಳ ಮೊತ್ತ ಸುಮಾರು 11,000 ಕೋಟಿ ಡಾಲರ್. ಎಂಟೊಂಬತ್ತು ಪಟ್ಟು ಜನಸಂಖ್ಯೆ ಇರುವ ನೆರೆಯವನ ಈ ಹಣದ ಹೊಳೆಯ ಎದುರು ಕೆನಡಾದ ಲೀಗ್ ಸಿಎಫ್‌ಎಲ್ ಸ್ಪರ್ಧಿಸುವಂತಿರಲಿಲ್ಲ.

ಅರವತ್ತರ ದಶಕದ ಕೊನೆಗೆ ಕೇಬಲ್ ಎಲ್ಲೆಡೆ ಹರಡತೊಡಗಿತು. ಅಮೆರಿಕದ ಕೇಂದ್ರಗಳ ಸಿಗ್ನಲ್ ಹಿಡಿದು ಮನೆಗಳಿಗೆ ಮಾರುವುದೇ ಕೆನಡಾದ ಕೇಬಲ್ ಕಂಪನಿಗಳ ದೊಡ್ಡ ಆಕರ್ಷಣೆ. ಅದಕ್ಕೆ ಮೂಲ ಹಕ್ಕುದಾರರಿಗೆ ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ಒಂದು ಕೆನಡಿಯನ್ ಕೇಂದ್ರ ಹಣ ಕೊಟ್ಟು ಎನ್‌ಎಫ್‌ಎಲ್ ಪಂದ್ಯದ ಹಕ್ಕು ತಂದರೂ, ಅದೇ ಪಂದ್ಯ ಪಕ್ಕದ ಚಾನೆಲ್‌ನಲ್ಲಿ ಬಫಲೊದಿಂದ ಬರುತ್ತಿತ್ತು. ನೋಡುಗರು ಎರಡು ಪಾಲಾದರೆ ಜಾಹೀರಾತಿನ ದರ ಬೀಳುತ್ತದೆ. ಆ ದುಡ್ಡಿನಲ್ಲೇ ಕೆನಡಾದ ಸುದ್ದಿ, ನಾಟಕ ತಯಾರಾಗಬೇಕೆಂದು ಸರ್ಕಾರದ ನಿಯಮ. ಆದ್ದರಿಂದ ನಿಯಂತ್ರಣ ಸಂಸ್ಥೆ ಸಿಆರ್‌ಟಿಸಿ 1972ರಲ್ಲಿ ಒಂದು ಪರಿಹಾರ ತಂದಿತು. ‘ಏಕಕಾಲದ ಬದಲಿ’ ಎಂಬರ್ಥದ ಅದರ ಇಂಗ್ಲಿಷ್ ಹೆಸರಿಗೆ ಅಲ್ಲಿಯವರು ಬಳಸುವ ಗಿಡ್ಡ ರೂಪ ಸಿಮ್‌ಸಬ್.

ಅದು ಕೆಲಸ ಮಾಡುವ ಬಗೆ ಹೀಗೆ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಟೊರೊಂಟೊದ ಮನೆಯೊಂದರಲ್ಲಿ ಬಫಲೊದ ಚಾನೆಲ್ ಹಾಕಿ ಕೂತಿದ್ದಾರೆ ಎನ್ನಿ. ಅದೇ ಪಂದ್ಯವನ್ನು ಅದೇ ಹೊತ್ತಿಗೆ ಸಿಟಿವಿಯೂ ತೋರಿಸುತ್ತಿದ್ದರೆ, ಅದರ ಕೋರಿಕೆಯಂತೆ ಕೇಬಲ್ ಕಂಪನಿ ಒಳಗೇ ಸಿಗ್ನಲ್ ಬದಲಿಸುತ್ತದೆ. ಪರದೆ ಒಂದು ಕ್ಷಣ ಮಿಟುಕುತ್ತದೆ. ಚಾನೆಲ್ ಸಂಖ್ಯೆ ಬಫಲೊದ್ದೇ, ವೀಕ್ಷಕ ವಿವರಣೆಯ ದನಿಯೂ ಅದೇ ಅಮೆರಿಕನ್ನರದು, ಆದರೆ ಮೂಲೆಯಲ್ಲಿ ಸಿಟಿವಿಯ ಲಾಂಛನ. ಬಿಡುವಿನಲ್ಲಿ ಬರುವುದು ಕೆನಡಾದ ಬ್ಯಾಂಕು, ಕೆನಡಾದ ಬಿಯರ್. ಪಂದ್ಯ ಮುಗಿದ ಮೇಲೆ ಮತ್ತೆ ಬಫಲೊ. ಬದಲಿಸುವವರ ಲೆಕ್ಕ ಕೆಲವು ಸೆಕೆಂಡು ತಪ್ಪಿದರೂ ಸಾಕು, ನಿರ್ಣಾಯಕ ಗಳಿಗೆಯೇ ಹಾರಿಹೋಗುತ್ತಿತ್ತು. ಅಂಥ ದೂರುಗಳು ದಶಕಗಳ ಕಾಲ ಬರುತ್ತಲೇ ಇದ್ದವು. ಕ್ರೀಡಾ ಚಾನೆಲ್ ಟಿಎಸ್‌ಎನ್‌ಗೆ ಈ ಸವಲತ್ತಿಲ್ಲ. ಆ್ಯಂಟೆನಾಗೆ ಸಿಗುವ ಕೇಂದ್ರಗಳು ಮಾತ್ರ ಇದನ್ನು ಕೇಳಬಹುದು.

ಬಫಲೊದ ಕೇಂದ್ರಗಳು ಸುಮ್ಮನಿರಲಿಲ್ಲ. ಅವುಗಳ ಆದಾಯಕ್ಕೆ ಟೊರೊಂಟೊದ ವ್ಯಾಪಾರಿಗಳ ಜಾಹೀರಾತೂ ಸೇರಿತ್ತು. ರೋಜರ್ಸ್ ಕೇಬಲ್ ಕಂಪನಿ 1973ರಿಂದ ಅವರ ಜಾಹೀರಾತುಗಳನ್ನೇ ಅಳಿಸತೊಡಗಿದಾಗ ಅವರು ಕೋರ್ಟಿಗೆ ಹೋದರು, 1977ರಲ್ಲಿ ಕೆನಡಾದ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅದರ ಹಿಂದಿನ ವರ್ಷವೇ ಸರ್ಕಾರ, ಗಡಿಯಾಚೆಯ ಕೇಂದ್ರಗಳಲ್ಲಿ ಕೊಡುವ ಜಾಹೀರಾತಿನ ಖರ್ಚಿಗೆ ತೆರಿಗೆ ವಿನಾಯಿತಿ ಇಲ್ಲವೆಂದು ಕಾನೂನು ಮಾಡಿತ್ತು. ಅಮೆರಿಕ 1984ರಲ್ಲಿ ಅದಕ್ಕೆ ಸರಿಯಾಗಿ ತನ್ನದೂ ಒಂದು ಕಾನೂನು ತಂದು ಎದುರೇಟು ಕೊಟ್ಟಿತು. ಎಪ್ಪತ್ತರ ದಶಕದಲ್ಲಿ ಕೆನಡಾ ಎಷ್ಟು ಎಚ್ಚರದಿಂದಿತ್ತೆಂದರೆ, ಅಮೆರಿಕದ ಹೊಸ ಲೀಗೊಂದರ ತಂಡ ಟೊರೊಂಟೊದಲ್ಲಿ ತಳವೂರುವುದನ್ನು ತಡೆಯಲು 1974ರಲ್ಲಿ ಸಂಸತ್ತಿಗೆ ಮಸೂದೆಯನ್ನೇ ತಂದಿತು. ಮಸೂದೆ ಕಾನೂನಾಗಲಿಲ್ಲ, ಆದರೆ ತಂಡ ಹೆದರಿ ಮೆಂಫಿಸ್‌ಗೆ ಹೋಯಿತು.

ಇತ್ತ ಅಮೆರಿಕದಲ್ಲಿ ಕೆನಡಾದ ಆಟಕ್ಕೆ ಜಾಗ ಸಿಗುತ್ತಿದ್ದದ್ದು ತೆರವಾದಾಗ ಮಾತ್ರ. 1982ರಲ್ಲಿ ಎನ್‌ಎಫ್‌ಎಲ್ ಆಟಗಾರರು 57 ದಿನ ಮುಷ್ಕರ ಹೂಡಿದಾಗ ಎನ್‌ಬಿಸಿ ಮತ್ತೆ ಸಿಎಫ್‌ಎಲ್ ಪಂದ್ಯಗಳನ್ನು ಹಾಕಿತು. ಪಂದ್ಯಗಳು ಏಕಪಕ್ಷೀಯವಾದವು, ಜನ ನೋಡಲಿಲ್ಲ, ಕೆಲವೇ ವಾರಗಳಲ್ಲಿ ಕೈಬಿಟ್ಟರು. 1993ರಿಂದ 1995ರವರೆಗೆ ಸಿಎಫ್‌ಎಲ್ ಅಮೆರಿಕದ ಊರುಗಳಲ್ಲೇ ತಂಡ ಕಟ್ಟಿ ನೋಡಿತು. ಬಾಲ್ಟಿಮೋರ್ ತಂಡ 1995ರ ಗ್ರೇ ಕಪ್ ಗೆದ್ದದ್ದೇ ಆ ಪ್ರಯತ್ನದ ಕೊನೆಯಾಯಿತು.

ಕೇಬಲ್‌ನವರು ಪುಕ್ಕಟೆಯಾಗಿ ಸಿಗ್ನಲ್ ಎತ್ತಿಕೊಳ್ಳುವ ಕಾಲ 1990ರಲ್ಲಿ ಮುಗಿಯಿತು. ಅಮೆರಿಕ–ಕೆನಡಾ ಮುಕ್ತ ವ್ಯಾಪಾರ ಒಪ್ಪಂದದ ಷರತ್ತಿನಂತೆ ಹಕ್ಕುದಾರರಿಗೆ ಗೌರವಧನ ಕೊಡಬೇಕಾಯಿತು. ಆಮೇಲೆ ಎನ್‌ಎಫ್‌ಎಲ್ ತನ್ನ ಹಕ್ಕಿನ ವಿಷಯದಲ್ಲಿ ಬಿಗಿಯಾಯಿತು. ಅಮೆರಿಕದಲ್ಲಿ ಸಿಗ್ನಲ್ ಹಿಡಿದು ಉಪಗ್ರಹದ ಮೂಲಕ ಕೆನಡಾದ ಡಿಶ್‌ಗಳಿಗೆ ಕಳಿಸುತ್ತಿದ್ದ ಪ್ರೈಮ್‌ಟೈಮ್ 24 ಕಂಪನಿ, ನೋಡುವವರು ಕೆನಡಾದಲ್ಲಿರುವುದರಿಂದ ಅಮೆರಿಕದ ಕಾನೂನು ತಮಗೆ ತಾಗುವುದಿಲ್ಲ ಎಂದು ವಾದಿಸಿತು. ನೆಲದಿಂದ ಉಪಗ್ರಹಕ್ಕೆ ಕಳಿಸಿದ್ದು ಅಮೆರಿಕದಿಂದಲೇ ತಾನೇ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಆ ವಾದವನ್ನು ತಳ್ಳಿಹಾಕಿತು. ಅದಕ್ಕೆ ಮುಂಚೆ, 1999ರ ಕೊನೆಗೆ, ಟೊರೊಂಟೊದ ಐಕ್ರೇವ್‌ಟಿವಿ ಎಂಬ ತಾಣ ಟಿವಿ ಚಾನೆಲ್‌ಗಳನ್ನು ಇಂಟರ್ನೆಟ್‌ಗೆ ಏರಿಸಿತ್ತು. ಕೆನಡಾದ ಕಾನೂನಿನ ಪ್ರಕಾರ ತಾನೂ ಕೇಬಲ್ ಕಂಪನಿಯಂತೆಯೇ ಎಂಬುದು ಅದರ ವಾದ. ಆದರೆ ಇಂಟರ್ನೆಟ್‌ಗೆ ಗಡಿ ಎಲ್ಲಿದೆ? ಸಿನಿಮಾ ಸ್ಟುಡಿಯೊಗಳ ಜೊತೆ ಎನ್‌ಎಫ್‌ಎಲ್ ಕೂಡ ಪಿಟ್ಸ್‌ಬರ್ಗ್‌ನ ನ್ಯಾಯಾಲಯಕ್ಕೆ ಹೋಯಿತು, ತಾಣ ಕೆಲವೇ ತಿಂಗಳಲ್ಲಿ ಮುಚ್ಚಿತು.

ಇಷ್ಟೆಲ್ಲ ಆದರೂ ಕೆನಡಾದ ಸಾಮಾನ್ಯ ನೋಡುಗರ ಬೇಸರ ಒಂದೇ ಆಗಿತ್ತು. ಸೂಪರ್ ಬೌಲ್ ದಿನ ಅಮೆರಿಕದಲ್ಲಿ ಜಾಹೀರಾತೇ ಒಂದು ಹಬ್ಬ. 2017ರಲ್ಲಿ ಮೂವತ್ತು ಸೆಕೆಂಡಿಗೆ ಸುಮಾರು 50 ಲಕ್ಷ ಡಾಲರ್ ಕೊಟ್ಟು, ಒಂದೇ ದಿನಕ್ಕಾಗಿ ತಯಾರಿಸಿದ ಜಾಹೀರಾತುಗಳು ಬಂದವು. ಇಡೀ ಅಮೆರಿಕ ಮಾರನೆಯ ದಿನ ಅದರ ಬಗ್ಗೆ ಮಾತಾಡುತ್ತದೆ. ಸಿಮ್‌ಸಬ್‌ನಿಂದಾಗಿ ಕೆನಡಾದವರಿಗೆ ಅವು ಕಾಣುತ್ತಿರಲಿಲ್ಲ. ದೂರುಗಳ ಒತ್ತಡ ನೋಡಿ, 2017ರಿಂದ ಸೂಪರ್ ಬೌಲ್‌ಗೆ ಮಾತ್ರ ಸಿಮ್‌ಸಬ್ ಇಲ್ಲ ಎಂದು ಸಿಆರ್‌ಟಿಸಿ 2015ರ ಜನವರಿಯಲ್ಲಿ ಘೋಷಿಸಿತು.

2017ರ ಫೆಬ್ರುವರಿ 5ರಂದು ಕೆನಡಿಯನ್ನರು ಅಮೆರಿಕದ ಚಾನೆಲ್‌ನಲ್ಲಿ ಅಮೆರಿಕದ ಜಾಹೀರಾತನ್ನೇ ನೋಡಿದರು. ಹಕ್ಕು ಕೊಂಡಿದ್ದ, ಸಿಟಿವಿಯ ಒಡೆತನದ ಬೆಲ್ ಕಂಪನಿಯ ಚಾನೆಲ್‌ಗಳಲ್ಲಿ ಹಿಂದಿನ ವರ್ಷ ಸುಮಾರು 73 ಲಕ್ಷ ಇದ್ದ ನೋಡುಗರ ಸಂಖ್ಯೆ 45 ಲಕ್ಷಕ್ಕೆ ಇಳಿಯಿತು. ಬೆಲ್ ಕೋರ್ಟಿಗೆ ಹೋಯಿತು, ಅದರ ಜೊತೆಗೆ ಎನ್‌ಎಫ್‌ಎಲ್ ಕೂಡ. ಕೆನಡಾದ ಹಕ್ಕನ್ನು ಒಳ್ಳೆಯ ಬೆಲೆಗೆ ಮಾರಬೇಕಾದರೆ ಕೊಂಡವನಿಗೆ ಪೂರ್ತಿ ಪ್ರೇಕ್ಷಕರು ಸಿಗಬೇಕಲ್ಲವೇ? ಕೆನಡಾದ ಸಂಸ್ಕೃತಿಯನ್ನು ಕಾಯಲೆಂದು ಹುಟ್ಟಿದ ನಿಯಮವನ್ನು ಉಳಿಸಿಕೊಳ್ಳಲು ಅಮೆರಿಕದ ಲೀಗ್ ಹೋರಾಡಿತು, ಕಾಯಬೇಕಿದ್ದ ಕೆನಡಾದ ಸಂಸ್ಥೆ ಅದನ್ನು ತೆಗೆಯಲು ನಿಂತಿತು. ಈ ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ ತಿರುವು. ನಿಯಮ ಹಳೆಯದಾಗುತ್ತ ಹೋದಂತೆ ಅದರ ಫಲ ಯಾರಿಗೆ ಹೋಗುತ್ತಿದೆ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ.

ಲೀಗ್‌ನ ಪರವಾಗಿ ಅಮೆರಿಕ ಸರ್ಕಾರವೂ ನಿಂತಿತು. 2018ರ ನವೆಂಬರ್ 30ರಂದು ಸಹಿ ಬಿದ್ದ ಅಮೆರಿಕ–ಮೆಕ್ಸಿಕೊ–ಕೆನಡಾ ವ್ಯಾಪಾರ ಒಪ್ಪಂದದ ಒಂದು ಅನುಬಂಧದಲ್ಲಿ, ಸೂಪರ್ ಬೌಲ್ ಆದೇಶವನ್ನು ಕೆನಡಾ ಹಿಂತೆಗೆದುಕೊಳ್ಳಬೇಕು ಎಂದು ಬರೆಸಲಾಯಿತು. ಹಾಲು, ಕಾರು, ಔಷಧಗಳ ಮಾತುಕತೆಯ ನಡುವೆ ಒಂದು ಫುಟ್‌ಬಾಲ್ ಪಂದ್ಯದ ಜಾಹೀರಾತಿಗೂ ಜಾಗ ಸಿಕ್ಕಿತು. ಕೆಲವೇ ದಿನಗಳಲ್ಲಿ ಒಟ್ಟಾವಾದಲ್ಲಿ ಸುಪ್ರೀಂ ಕೋರ್ಟು ಬೆಲ್ ಮತ್ತು ಎನ್‌ಎಫ್‌ಎಲ್ ಅಹವಾಲು ಕೇಳಿತು. 2019ರ ಡಿಸೆಂಬರ್ 19ರಂದು ಏಳು–ಎರಡರ ಬಹುಮತದಲ್ಲಿ ತೀರ್ಪು ಬಂತು: ಇಂಥ ಚಾನೆಲ್ ಅನ್ನು ಕೇಬಲ್ ಕಂಪನಿಗಳು ಕೊಡಲೇಬೇಕು ಎನ್ನುವ ಅಧಿಕಾರವಷ್ಟೇ ಆ ಆದೇಶಕ್ಕೆ ಆಧಾರವಾಗಿದ್ದ ಕಾನೂನಿನ ಕಲಮಿನಡಿ ಸಿಆರ್‌ಟಿಸಿಗೆ ಇದೆ, ಒಂದೇ ಒಂದು ಕಾರ್ಯಕ್ರಮಕ್ಕೆ ಬೇರೆ ನಿಯಮ ಮಾಡುವ ಅಧಿಕಾರ ಇಲ್ಲ. ಅಮೆರಿಕದ ಜಾಹೀರಾತು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಮುಟ್ಟಲೇ ಇಲ್ಲ. 2020ರ ಸೂಪರ್ ಬೌಲ್‌ನಲ್ಲಿ ಕೆನಡಾದ ಜಾಹೀರಾತು ಮರಳಿತು.

ಈಗ ಪಂದ್ಯಗಳು ಸ್ಟ್ರೀಮಿಂಗ್‌ನತ್ತ ಸರಿದಿವೆ, ಅಲ್ಲಿ ಸಿಮ್‌ಸಬ್‌ಗೆ ಅರ್ಥವೇ ಇಲ್ಲ. ಅಮೆರಿಕದ ಹೊರಗಿನ ದೇಶಗಳಲ್ಲಿ ಎನ್‌ಎಫ್‌ಎಲ್ ಗೇಮ್ ಪಾಸ್ ಎಂಬ ಚಂದಾ ಸೇವೆಯನ್ನು 2023ರಿಂದ ಸ್ಟ್ರೀಮಿಂಗ್ ಕಂಪನಿ ಡಾಜೋನ್ ಮಾರುತ್ತಿದೆ. ಬೆಂಗಳೂರಿನಲ್ಲಿ ಕೂತವರೂ ಚಂದಾ ಕಟ್ಟಿ ನೋಡಬಹುದು. ಅದೇ ವರ್ಷ ಸಿಎಫ್‌ಎಲ್ ಕೆನಡಾದಾಚೆಯವರಿಗೆ ತನ್ನ ಪಂದ್ಯಗಳನ್ನು ಇಂಟರ್ನೆಟ್‌ನಲ್ಲಿ ಉಚಿತವಾಗಿ ಕೊಡಲು ಶುರು ಮಾಡಿತು. 2025ರಲ್ಲಿ ಅದರ ಆಯುಕ್ತರಾಗಿ ಬಂದ ಸ್ಟುವರ್ಟ್ ಜಾನ್‌ಸ್ಟನ್ ಅದಕ್ಕೆ ಮುಂಚೆ ಟಿಎಸ್‌ಎನ್ ಚಾನೆಲ್‌ನ ಮುಖ್ಯಸ್ಥರಾಗಿದ್ದವರು. ಆ ಸೆಪ್ಟೆಂಬರ್‌ನಲ್ಲಿ ಅವರು ಪ್ರಕಟಿಸಿದ ಬದಲಾವಣೆಗಳಂತೆ, 2027ರಿಂದ ಕೆನಡಾದ ಮೈದಾನವೂ 100 ಗಜಕ್ಕೆ ಇಳಿಯುತ್ತದೆ, ಗೋಲ್ ಕಂಬಗಳು ಅಮೆರಿಕದಲ್ಲಿರುವಂತೆ ಹಿಂದಕ್ಕೆ ಸರಿಯುತ್ತವೆ. ಆಟದ ರಂಜನೆ ಹೆಚ್ಚಿಸಲು ಎನ್ನುತ್ತದೆ ಲೀಗ್. ಎಪ್ಪತ್ತು ವರ್ಷ ಪಕ್ಕದ ಮನೆಯ ಆಟವನ್ನೇ ನೋಡಿ ಪಳಗಿದ ಕಣ್ಣಿಗೆ ತಮ್ಮ ಆಟವನ್ನು ಒಗ್ಗಿಸುತ್ತಿದ್ದಾರೆ ಎಂದೇ ನನಗೆ ಅನಿಸುತ್ತದೆ. ಮೂರು ಅವಕಾಶ, ಹನ್ನೆರಡು ಆಟಗಾರರು ಎಂಬ ನಿಯಮವನ್ನು ಸದ್ಯಕ್ಕೆ ಮುಟ್ಟಿಲ್ಲ.