ಕಂದು ಬಳೆಯ ಹಿಂದಿನ ಕಥೆ

ಸ್ತನದ ಗಡ್ಡೆಯ ಚೂರಿಗೆ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಡಿ ಇಟ್ಟರೆ, ಕೆಲವು ರೋಗಿಗಳ ಜೀವಕೋಶಗಳು ದಪ್ಪ ಕಂದು ಬಳೆ ತೊಟ್ಟಂತೆ ಕಾಣುತ್ತವೆ. ವರದಿಯಲ್ಲಿ ಅದು ‘ಹರ್-2 3+’, ಅಂದರೆ ಹರ್-2 ಎಂಬ ಪ್ರೋಟೀನ್ ಅತಿಯಾಗಿದೆ ಎಂದರ್ಥ. ಒಂದು ಕಾಲಕ್ಕೆ ಇದು ಬೇಗ ಹಬ್ಬುವ, ಬೇಗ ಮರುಕಳಿಸುವ ಕ್ಯಾನ್ಸರಿನ ಗುರುತಷ್ಟೇ ಆಗಿತ್ತು. ಇಂದು ಅದೇ ಬಳೆ ಮದ್ದಿಗೆ ಹಿಡಿಕೆ.

ಅದರ ಜಾಡು ಮೊದಲು ಸಿಕ್ಕಿದ್ದು ಇಲಿಯಲ್ಲಿ. 1982ರಲ್ಲಿ, ಅಮೆರಿಕದ ಎಂಐಟಿಯ ರಾಬರ್ಟ್ ವೈನ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ಭಾರತೀಯ ವಿಜ್ಞಾನಿ ಲಕ್ಷ್ಮೀ ಚರಣ್ ಪಾಢಿ ಇಲಿಯ ನರಗಡ್ಡೆಗಳನ್ನು ಕೆದಕುತ್ತಿದ್ದಾಗ ಕಂಡ ಈ ಜಾಡಿನ ಹಿಂದಿನ ವಂಶವಾಹಿಗೆ ಮುಂದೆ ‘ನ್ಯೂ’ ಎಂಬ ಹೆಸರು ಬಂತು. ಈ ವಂಶವಾಹಿ ತಯಾರಿಸುವ ಪ್ರೋಟೀನ್ ಜೀವಕೋಶದ ಹೊರಮೈಯಲ್ಲೇ ನಿಂತಿರುತ್ತದೆ. ಮದ್ದಿನ ಕೈಗೆ ಎಟುಕುವ ಜಾಗ! ಆದರೂ ಸ್ತನ ಕ್ಯಾನ್ಸರಿನೊಂದಿಗೆ ಅದರ ನಂಟು ಬಯಲಾಗಲು ಐದು ವರ್ಷ ಹಿಡಿಯಿತು. ಅಮೆರಿಕದ ಔಷಧ ಕಂಪನಿ ಜೆನೆನ್‌ಟೆಕ್‌ನ ಆಕ್ಸೆಲ್ ಉಲ್ರಿಖ್ ಮನುಷ್ಯರಲ್ಲಿರುವ ಇದೇ ವಂಶವಾಹಿಯನ್ನು (ಹರ್-2) ಹೆಕ್ಕಿದರು. ಲಾಸ್ ಏಂಜಲೀಸ್‌ನ ವೈದ್ಯ ಡೆನಿಸ್ ಸ್ಲೇಮನ್ ಬಳಿ ಗಡ್ಡೆಗಳ ಸಂಗ್ರಹವಿತ್ತು. 1987ರಲ್ಲಿ ಅವರು 189 ಗಡ್ಡೆಗಳನ್ನು ಪರೀಕ್ಷಿಸಿದಾಗ ಶೇ 30ರಷ್ಟರಲ್ಲಿ ಈ ವಂಶವಾಹಿಯ ಪ್ರತಿಗಳು ಅತಿಯಾಗಿದ್ದವು. (ಈಗಿನ ಲೆಕ್ಕ ಶೇ 15ರಿಂದ 20.)

ಆ ಪ್ರೋಟೀನಿಗೆ ಅಂಟುವ ಪ್ರತಿಕಾಯವನ್ನು (ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರೋಟೀನ್) ಇಲಿಯಿಂದಲೇ ಪಡೆದರು. ಇಲಿಯ ಪ್ರತಿಕಾಯವನ್ನು ನಮ್ಮ ದೇಹ ಪರಕೀಯವೆಂದು ಹೊರದಬ್ಬುತ್ತದೆ. ಹಾಗಾಗಿ ಕಚ್ಚಿ ಹಿಡಿಯುವ ತುದಿಯನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನು ಮನುಷ್ಯರದಾಗಿ ಮಾರ್ಪಡಿಸಿದರು. ಅದೇ ಟ್ರಾಸ್ಟುಜುಮ್ಯಾಬ್; 1998ರ ಸೆಪ್ಟೆಂಬರಿನಲ್ಲಿ ಅಮೆರಿಕ ಒಪ್ಪಿತು. ರೋಗ ಹರಡಿದ್ದ 469 ಮಹಿಳೆಯರ ಪ್ರಯೋಗದಲ್ಲಿ ಬದುಕಿನ ಅವಧಿ 20 ತಿಂಗಳಿಂದ 25ಕ್ಕೇರಿತ್ತು, ಅಷ್ಟೇ. ನನ್ನ ಮಟ್ಟಿಗೆ ನಿಜವಾದ ತಿರುವು 2005ರದು: ಶಸ್ತ್ರಚಿಕಿತ್ಸೆಯ ಬೆನ್ನಿಗೇ ಕೊಟ್ಟಾಗ ಮರುಕಳಿಕೆ ಹತ್ತಿರಹತ್ತಿರ ಅರ್ಧಕ್ಕಿಳಿಯಿತು. ಆದರೆ ಈ ಮದ್ದಿನಿಂದ ಕೆಲವರ ಹೃದಯ ಬಳಲುತ್ತದೆ. ಆಗಾಗ ಎಕೋ ಪರೀಕ್ಷೆ ತಪ್ಪದು.

ಭಾರತದಲ್ಲಿ ಅಡ್ಡಗಾಲಾದದ್ದು ಬೆಲೆ. 440 ಮಿಲಿಗ್ರಾಂ ಸೀಸೆಗೆ ಲಕ್ಷ ರೂಪಾಯಿ ಮೀರುತ್ತಿತ್ತು. 2013ರಲ್ಲಿ ಈ ಔಷಧದ ಒಡೆತನದ ರೋಶ್ ಕಂಪನಿ ಇಲ್ಲಿನ ಪೇಟೆಂಟ್ ಕೈಬಿಟ್ಟಿತು. 2014ರ ಆರಂಭದಲ್ಲಿ ಬೆಂಗಳೂರಿನ ಬಯೋಕಾನ್, ಔಷಧ ಕಂಪನಿ ಮೈಲಾನ್ ಜತೆ ರೂಪಿಸಿದ ತದ್ರೂಪಿ ಔಷಧ ‘ಕ್ಯಾನ್‌ಮ್ಯಾಬ್’ ಅನ್ನು ಮಾರುಕಟ್ಟೆಗೆ ತಂದಿತು. ಅದರ ವಿರುದ್ಧ ರೋಶ್ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಬಯೋಕಾನ್–ಮೈಲಾನ್ ಜೋಡಿಯ ಔಷಧಕ್ಕೆ 2017ರಲ್ಲಿ ಅಮೆರಿಕವೂ ಹಸಿರು ನಿಶಾನೆ ತೋರಿತು.

ಕ್ಯಾನ್‌ಮ್ಯಾಬ್‌ನ ಮೊದಲ ದರ ಸೀಸೆಗೆ 57,500 ರೂಪಾಯಿ. ಮೂರು ವಾರಕ್ಕೊಮ್ಮೆ, ವರ್ಷಕ್ಕೆ 17 ಸೀಸೆ ಎಂದುಕೊಂಡರೂ ಒಂಬತ್ತೂಮುಕ್ಕಾಲು ಲಕ್ಷ. ಆಮೇಲೆ ಬೇರೆ ಭಾರತೀಯ ಕಂಪನಿಗಳೂ ಪೈಪೋಟಿಗಿಳಿದು ದರ ಇನ್ನಷ್ಟು ಜಗ್ಗಿತು.