ಹಳಗನ್ನಡದ ಮೇಲೆ ಪಿಎಚ್‌ಡಿ ಮಾಡೋರಿಗೆ ನನ್ನ ಟ್ಯಾಕ್ಸ್ ದುಡ್ಡು ಯಾಕೆ?

ಪ್ರಶ್ನೆ: "ಸಾರ್, ನಾನು ಸಾಫ್ಟ್‌ವೇರ್‌ನಲ್ಲಿರೋನು, ಕನ್ನಡದ ಮೇಲೆ ಪ್ರೀತಿನೂ ಇದೆ, ಆದ್ರೂ ಕೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಕ್ಯಾನ್ಸರ್‌ಗೆ ಔಷಧಿ ಹುಡುಕೋರಿಗೆ ಸರ್ಕಾರ ದುಡ್ಡು ಕೊಡ್ಲಿ, ಸರಿ. ಸಾವಿರ ವರ್ಷದ ಹಳೇ ಪದ್ಯಕ್ಕೆ ಅರ್ಥ ಬರೆಯೋರಿಗೆ ಐದು ವರ್ಷ ದುಡ್ಡು ಯಾಕೆ ಕೊಡ್ಬೇಕು? ಇಷ್ಟ ಇರೋರು ಸ್ವಂತ ಖರ್ಚಲ್ಲಿ ಓದ್ಕೊಳ್ಲಿ, ಇಲ್ಲ ಯಾರಾದ್ರೂ ಸಾಹುಕಾರರು ಕೊಡ್ಲಿ."

ಬೇಜಾರೇನಿಲ್ಲ ಬಿಡಿ. ನಮ್ಮ ಸೋದರಮಾವನೇ ಇದನ್ನ ಪ್ರತಿ ಮದುವೆ ಮನೇಲೂ ಕೇಳ್ತಾನೆ, ಅದೂ ಪಂಕ್ತೀಲಿ ಕೂತು ಎಲೆ ಮೇಲೆ ಹೋಳಿಗೆ ಬಿದ್ದಾಗಲೇ ಕೇಳ್ತಾನೆ, ಉತ್ತರ ಹೇಳೋಕೆ ಬಾಯಿ ಖಾಲಿ ಇರಲ್ಲ. ಇವತ್ತು ಬಾಯಿ ಖಾಲಿ ಇದೆ, ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮೊದ್ಲು ದುಡ್ಡಿನ ಲೆಕ್ಕ ಹಾಕೋಣ, ಯಾಕಂದ್ರೆ ಈ ವಿಷಯದಲ್ಲಿ ಜಗಳ ಆಡೋ ಮುಕ್ಕಾಲು ಜನಕ್ಕೆ ಮೊತ್ತ ಎಷ್ಟು ಅಂತಲೇ ಗೊತ್ತಿರಲ್ಲ. ಕನ್ನಡದಲ್ಲಿ ಎಂಎ ಮಾಡಿ, ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಕೇಂದ್ರದ ಆಯೋಗ ಯುಜಿಸಿಯ ನೆಟ್ ಅನ್ನೋ ಅರ್ಹತಾ ಪರೀಕ್ಷೇಲಿ ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಸಿಕ್ಕಿದ್ರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಮೂರು ವರ್ಷ 42,000, ಇದು 2023ರ ಜನವರಿಯಿಂದ ಇರೋ ರೇಟು. ಗುಣಿಸಿ ನೋಡಿ, ಐದು ವರ್ಷಕ್ಕೆ 24 ಲಕ್ಷ, ಜತೆಗೆ ಮನೆ ಬಾಡಿಗೆ ಭತ್ಯೆ. ಪುಸ್ತಕ, ಝೆರಾಕ್ಸ್, ಓಡಾಟ ಇದಕ್ಕೆಲ್ಲ ಕಂಟಿಂಜೆನ್ಸಿ ಅಂತ ವರ್ಷಕ್ಕೆ 10,000 ಕೊಡ್ತಾರೆ, ಎರಡು ವರ್ಷ ಆದ್ಮೇಲೆ 20,500. ಹೌದು, ವರ್ಷಕ್ಕೆ, ತಿಂಗಳಿಗಲ್ಲ. ಹಂಪಿಗೆ, ಧಾರವಾಡಕ್ಕೆ, ಮೈಸೂರಿಗೆ ತಾಳೆಗರಿ ನೋಡೋಕೆ ಅಂತ ನಾಲ್ಕು ಸಲ ಹೋಗ್ಬಂದ್ರೆ ಆ ವರ್ಷದ ಕಥೆ ಮುಗೀತು. ವಿಜ್ಞಾನದ ಕಡೆ ಒಳ್ಳೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಒಂದಕ್ಕೇ ಕೋಟಿಗಟ್ಟಲೆ ಆಗುತ್ತೆ, ಆಗ್ಲಿ, ಬೇಕಾದದ್ದೇ ಅದು, ನಾನು ಬೇಡ ಅಂತಿಲ್ಲ. ನಮ್ಮ ಕಡೆ ಬೇಕಾಗಿರೋ ಯಂತ್ರ ಅಂದ್ರೆ ಎರಡು ಕಣ್ಣು ಮತ್ತೆ ಹಗಲು. ಸರ್ಕಾರ ಕೊಡೋ ದುಡ್ಡು ಆ ಹಗಲಿಗೆ ಬಾಡಿಗೆ ಅಷ್ಟೇ.

ಅದೂ ಜೆಆರ್‌ಎಫ್ ಸಿಕ್ಕೋರ ಮಾತು ಇದು. ಸಿಗದೇ ಇರೋರು ಬೆಳಿಗ್ಗೆ ಡಿಗ್ರಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ ರಾತ್ರಿ ಅಧ್ಯಾಯ ಬರೀತಾರೆ. ನನ್ನ ಜತೆ ಓದಿದವನೊಬ್ಬನಿಗೆ ಫೆಲೋಶಿಪ್ ಸ್ಯಾಂಕ್ಷನ್ ಆಗಿತ್ತು, ಆದ್ರೆ ದುಡ್ಡು ಒಂಬತ್ತು ತಿಂಗಳು ಬರ್ಲಿಲ್ಲ, ಹಾಸ್ಟೆಲ್ ಮೆಸ್ ಬಿಲ್ಲಿಗೆ ಅವರಮ್ಮನ ಸರ ಅಡ ಇಟ್ಟ. ಕೊನೆಗೆ ಒಟ್ಟಿಗೆ ಬಂತು, ಸರ ಬಿಡಿಸ್ಕೊಂಡ್ರು, ಆದ್ರೆ ಆ ಒಂಬತ್ತು ತಿಂಗಳಲ್ಲಿ ಅವನು ಒಂದು ಸಾಲೂ ಬರೆದಿರ್ಲಿಲ್ಲ.

ಇನ್ನೊಂದು ವಿಚಿತ್ರ ಹೇಳ್ತೀನಿ. ಸಮಾಜವಿಜ್ಞಾನಕ್ಕೆ ಅಂತ ದೆಹಲೀಲಿ ಐಸಿಎಸ್‌ಎಸ್‌ಆರ್ ಅನ್ನೋ ಸಂಶೋಧನಾ ಮಂಡಳಿ ಇದೆ, 1969ರಿಂದ. ಇತಿಹಾಸಕ್ಕೆ ಐಸಿಎಚ್‌ಆರ್, 1972. ತತ್ವಶಾಸ್ತ್ರಕ್ಕೂ ಒಂದಿದೆ, ಐಸಿಪಿಆರ್. ಸಾಹಿತ್ಯಕ್ಕೆ ಇಂಥ ಸಂಶೋಧನಾ ಮಂಡಳಿ ಇಲ್ಲವೇ ಇಲ್ಲ! ಸಾಹಿತ್ಯ ಅಕಾಡೆಮಿ ಇದ್ಯಲ್ಲ ಅಂತೀರಿ, ಅದು ಪ್ರಶಸ್ತಿ, ಅನುವಾದ, ಪ್ರಕಟಣೆ, ಸೆಮಿನಾರ್ ಈ ಕಡೆಗೆ ಹೆಚ್ಚು. 2023ರಲ್ಲಿ ಕಾನೂನು ಮಾಡಿ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಅಂತ ಶುರು ಮಾಡಿದ್ರು, ಐದು ವರ್ಷಕ್ಕೆ 50,000 ಕೋಟಿ ಅಂತ ಅಂದಾಜು, ಅದ್ರಲ್ಲೂ ಸರ್ಕಾರದ ಪಾಲು 14,000 ಕೋಟಿ, ಉಳಿದದ್ದು ಬೇರೆ ಕಡೆಯಿಂದ ಬರ್ಬೇಕು. ಅಲ್ಲಿ ಮಾನವಿಕಗಳ, ಅಂದ್ರೆ ಸಾಹಿತ್ಯ, ಇತಿಹಾಸದಂಥ ವಿಷಯಗಳ ಹೆಸರೂ ಇದೆ, ಆದ್ರೆ ವಿಜ್ಞಾನ ತಂತ್ರಜ್ಞಾನದ ಜತೆ ಸೇರೋ ಜಾಗದಲ್ಲಿ ಮಾತ್ರ. ನನಗೆ ಅರ್ಥ ಆದ ಪ್ರಕಾರ, ತಾಳೆಗರಿ ಸ್ಕ್ಯಾನ್ ಮಾಡೋ ಸಾಫ್ಟ್‌ವೇರ್ ಬರೀತೀನಿ ಅಂದ್ರೆ ಬಾಗಿಲು ತೆಗೀಬಹುದು, ಆ ಗರೀಲಿ ಏನು ಬರೆದಿದೆ ಅಂತ ಓದ್ತೀನಿ ಅಂದ್ರೆ ಪಕ್ಕದ ಮನೇಲಿ ಕೇಳಿ ಅಂತಾರೆ. ಪಕ್ಕದಲ್ಲಿ ಮನೆನೇ ಇಲ್ಲ.

ಈಗ "ಹಳೇ ಪದ್ಯದಿಂದ ಏನು ಲಾಭ" ಅನ್ನೋದಕ್ಕೆ ಬರೋಣ. ನವೆಂಬರ್ ಒಂದನೇ ತಾರೀಖು ಯಾವ ವೇದಿಕೆ ಹತ್ರ ಹೋದ್ರೂ ಕಾವೇರಿಯಿಂದ ಗೋದಾವರಿವರೆಗೆ ಅನ್ನೋ ಮಾತು ಬಂದೇ ಬರುತ್ತೆ, ಅದು ಕವಿರಾಜಮಾರ್ಗದ್ದು. ಆ ಪುಸ್ತಕ ಅಚ್ಚಾಗಿದ್ದು 1898ರಲ್ಲಿ, ಕೆ. ಬಿ. ಪಾಠಕ್ ಸಂಪಾದಿಸಿದ್ರು, ಮೈಸೂರು ಸರ್ಕಾರ ನಡೆಸ್ತಿದ್ದ ಬಿಬ್ಲಿಯೋಥಿಕಾ ಕರ್ನಾಟಿಕಾ ಅನ್ನೋ ಮಾಲೇಲಿ. ಅದೇ ವರ್ಷ ಅದೇ ಮಾಲೇಲಿ ಬಿ. ಎಲ್. ರೈಸ್ ಸಂಪಾದಿಸಿದ ಪಂಪಭಾರತವೂ ಬಂತು. ಅಂದ್ರೆ ನಿಮ್ಮ ಮುತ್ತಾತನೋ ಅವರಪ್ಪನೋ ಕಟ್ಟಿದ ಕಂದಾಯದಲ್ಲಿ ಪಂಪ ಅಚ್ಚಾದ. ಅಲ್ಲೀವರೆಗೆ ಅದೆಲ್ಲ ಮಠ, ಬಸದಿ, ಪಂಡಿತರ ಮನೆ ಅಟ್ಟದಲ್ಲಿದ್ದ ಗರಿಗಳು. ರೈಸ್ ಆಮೇಲೆ ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾದ ಆರ್. ನರಸಿಂಹಾಚಾರ್ಯರು ಕರ್ನಾಟಕ ಕವಿಚರಿತೆಯ ಮೂರು ಸಂಪುಟ ಬರೆದ್ರು, 1907ರಿಂದ 1929ರವರೆಗೆ. ಇವತ್ತಿಗೂ ಹಳೇ ಕವಿಯ ಕಾಲ ಕೇಳಿದ್ರೆ ಕೈ ಮೊದ್ಲು ಹೋಗೋದು ಅಲ್ಲಿಗೇ.

ಇದಕ್ಕಿಂತ ಮಜವಾದ ಕಥೆ ಅರ್ಥಶಾಸ್ತ್ರದ್ದು. ಮೈಸೂರಲ್ಲಿ 1891ರಲ್ಲಿ ಸರ್ಕಾರ ಒಂದು ಓರಿಯೆಂಟಲ್ ಲೈಬ್ರರಿ ಮಾಡ್ತು. ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥ ಅನ್ನೋ ಹಳೇ ಲಿಪಿಯ ತಾಳೆಗರಿ ಕಟ್ಟೊಂದನ್ನ ತಂದು ಅಲ್ಲಿಗೆ ಕೊಟ್ರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದಾಗ ಗೊತ್ತಾಯ್ತು, ಇದು ಕಳೆದೇ ಹೋಗಿದೆ ಅಂತ ಎಲ್ಲರೂ ಅಂದ್ಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1905ರಲ್ಲಿ ವಿಷಯ ಹೊರಗೆ ಬಂತು, 1909ರಲ್ಲಿ ಮೂಲ ಅಚ್ಚಾಯ್ತು, 1915ರಲ್ಲಿ ಇಂಗ್ಲಿಷ್ ಅನುವಾದ. ಈಗ ಯಾವ ಮ್ಯಾನೇಜ್‌ಮೆಂಟ್ ಕ್ಲಾಸಿಗೆ ಹೋದ್ರೂ ಸ್ಲೈಡಿನಲ್ಲಿ ಒಬ್ಬ ಚಾಣಕ್ಯ ಜುಟ್ಟು ಬಿಚ್ಕೊಂಡು ನಿಂತಿರ್ತಾನೆ, ಅವನನ್ನ ಅಲ್ಲಿ ತಂದು ನಿಲ್ಲಿಸಿದ್ದು ಲೈಬ್ರರೀಲಿ ಕೂತು ಗರಿ ಓದೋಕೆ ಒಬ್ಬ ಸಂಸ್ಕೃತ ವಿದ್ವಾಂಸರಿಗೆ ಸಿಗ್ತಿದ್ದ ಸಂಬಳ. ಆ ಸಂಬಳಕ್ಕೆ ಮುಂಚೆ "ಏನು ಸಿಗುತ್ತೆ, ಯಾವಾಗ ಸಿಗುತ್ತೆ, ಔಟ್‌ಪುಟ್ ಏನು" ಅಂತ ಫಾರ್ಮ್ ತುಂಬಿಸಿದ್ದಿದ್ರೆ ಪಾಪ ಶಾಸ್ತ್ರಿಗಳು ಏನಂತ ಬರೀತಿದ್ರು?

"ಇಷ್ಟ ಇರೋರು ಸ್ವಂತ ಖರ್ಚಲ್ಲಿ" ಅಂದ್ರಲ್ಲ, ಅದನ್ನೂ ಮಾಡಿ ತೋರಿಸಿದವರಿದ್ದಾರೆ. ಫ. ಗು. ಹಳಕಟ್ಟಿಯವರು, ವಿಜಯಪುರದ ವಕೀಲರು. ಊರೂರು ತಿರುಗಿ ವಚನದ ಗರಿಗಳನ್ನ ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರ ತಂದ್ರು, ಮುಂದೆ ಪ್ರಿಂಟಿಂಗ್ ಪ್ರೆಸ್ ಹಾಕೋಕೆ ಅಂತ ಇದ್ದ ಮನೆ ಮಾರಿದ್ರು. ಬಾಡಿಗೆ ಮನೇಲಿ ಉಳಿದು ವಚನ ಅಚ್ಚು ಮಾಡಿದ್ರು. ದೊಡ್ಡವರು, ಕೈ ಮುಗೀತೀನಿ. ಆದ್ರೆ ಈ ಕಥೆ ಕೇಳಿದಾಗೆಲ್ಲ ನನಗೆ ಒಂದು ಬೇರೆ ಯೋಚನೆ ಬರುತ್ತೆ, ಅವರಿಗೆ ಮಾರೋಕೆ ಒಂದು ಮನೆ ಇತ್ತು, ವಕೀಲಿಕೆ ಇತ್ತು, ಅದೇ ಕಾಲದಲ್ಲಿ ಅಷ್ಟೇ ಆಸೆ ಇದ್ದು ಮಾರೋಕೆ ಏನೂ ಇಲ್ಲದೇ ಇದ್ದೋರು ಎಷ್ಟು ಜನ ಇದ್ರೋ, ಅವರ ಹೆಸರು ಯಾರಿಗೆ ಗೊತ್ತು. ಮುಂದೆ 1993ರಲ್ಲಿ ಕರ್ನಾಟಕ ಸರ್ಕಾರವೇ ಸಮಗ್ರ ವಚನ ಸಂಪುಟ ಅಂತ 15 ಸಂಪುಟ ತಂತು, ಎಂ. ಎಂ. ಕಲಬುರ್ಗಿ ಪ್ರಧಾನ ಸಂಪಾದಕರು. ಹಾಗೇನೇ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಮೊದಲ ಸಂಪುಟ 1970, ಎಂಟನೇದು 1995. ಇಂಥದ್ದಕ್ಕೆ ಒಬ್ಬರ ಮನೆ ಮಾರಿದ್ರೆ ಸಾಲಲ್ಲ, ಒಂದು ಬೀದಿಯನ್ನೇ ಮಾರ್ಬೇಕು.

ಹಾಗಂತ ಸರ್ಕಾರದ ದುಡ್ಡು ಗಂಗಾಜಲ ಅಂತ ಹೇಳ್ತಿಲ್ಲ. ನಿಮ್ಮ ಪ್ರಶ್ನೇಲಿ ಇಲ್ಲದ, ಆದ್ರೆ ಇರಬೇಕಾಗಿದ್ದ ಭಾಗ ಇದು. ದುಡ್ಡು ಕೊಡೋ ಕೈಗೆ ಯಾವಾಗಲೂ ವಿಷಯ ಬದಲಾಯಿಸೋ ಚಪಲ ಇರುತ್ತೆ. 2015ರ ಅಕ್ಟೋಬರ್‌ನಲ್ಲಿ ಯುಜಿಸಿ, ನೆಟ್ ಪಾಸಾಗದೇ ಸೆಂಟ್ರಲ್ ಯೂನಿವರ್ಸಿಟಿಗಳಲ್ಲಿ ಸಂಶೋಧನೆ ಮಾಡ್ತಿದ್ದೋರ ಫೆಲೋಶಿಪ್ ನಿಲ್ಲಿಸ್ತೀವಿ ಅಂತು, ಎಂಫಿಲ್‌ಗೆ ತಿಂಗಳಿಗೆ 5,000, ಪಿಎಚ್‌ಡಿಗೆ 8,000, ಅಷ್ಟೇ ಅದು. ದೆಹಲೀಲಿ ಹುಡುಗ ಹುಡುಗೀರು ಯುಜಿಸಿ ಆಫೀಸಿನ ಮುಂದೇನೇ ಹಗಲೂ ರಾತ್ರಿ ಕೂತ್ರು, ಪೊಲೀಸ್ ಲಾಠಿ ತಿಂದ್ರು, ಫೆಲೋಶಿಪ್ ಉಳೀತು, ಆದ್ರೆ ಆ 8,000 ಇದೆ ನೋಡಿ, ಅದು ಅಲ್ಲೇ ನಿಂತ್ಕೊಂಡ್ತು. 2022ರ ಡಿಸೆಂಬರ್‌ನಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಲ್ಲಿಸ್ತೀವಿ ಅಂತ ಲೋಕಸಭೇಲಿ ಹೇಳಿದ್ರು, ಬೇರೆ ಸ್ಕೀಮುಗಳ ಜತೆ ಡಬಲ್ ಆಗುತ್ತೆ ಅನ್ನೋದು ಕಾರಣ.

ನನಗೆ ತುಂಬಾ ಚುಚ್ಚಿದ್ದು ಅದೇ ವರ್ಷದ ಫೆಬ್ರವರೀಲಿ ಆಗಿದ್ದು. ಪರಿಶಿಷ್ಟ ಜಾತಿ ಮುಂತಾದ ಸಮುದಾಯದ ಮಕ್ಕಳು ವಿದೇಶದಲ್ಲಿ ಓದೋಕೆ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಅದರ ಹೊಸ ನಿಯಮದಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಮೇಲಿನ ವಿಷಯಗಳಿಗೆ ಕೊಡಲ್ಲ ಅಂತ ಸೇರಿಸಿದ್ರು, ಅದನ್ನೆಲ್ಲ ಇಲ್ಲೇ ಓದಬಹುದಲ್ಲ ಅನ್ನೋ ವಾದ. ಅಂದ್ರೆ ಕೇರಿಯಿಂದ ಹೋದ ಹುಡುಗಿ ಲಂಡನ್‌ನಲ್ಲಿ ಜೆನೆಟಿಕ್ಸ್ ಓದಬಹುದು, ಜಾತಿ ಬಗ್ಗೆ ಓದೋ ಹಾಗಿಲ್ಲ, ಅದನ್ನೇ ಅಪ್ಪ ಕೊಟ್ಟ ದುಡ್ಡಲ್ಲಿ ಹೋದೋರು ಆರಾಮಾಗಿ ಓದಬಹುದು. ಕೇರಳದಲ್ಲಿ 2019ರ ಮಾರ್ಚ್‌ನಲ್ಲಿ ಅಲ್ಲಿಯ ಸೆಂಟ್ರಲ್ ಯೂನಿವರ್ಸಿಟಿ ಒಂದು ಸರ್ಕ್ಯುಲರ್ ಕಳಿಸ್ತು, ಪಿಎಚ್‌ಡಿ ವಿಷಯಗಳು ರಾಷ್ಟ್ರೀಯ ಆದ್ಯತೆಗೆ ಹೊಂದಬೇಕು, ಲಿಸ್ಟ್ ಮಾಡಿ ಅಂತ. ಇಂಗ್ಲಿಷ್ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿದ್ದ ಮೀನಾ ಟಿ. ಪಿಳ್ಳೈ ಅವರು ಅದನ್ನ ಖಂಡಿಸಿ ರಾಜೀನಾಮೆ ಕೊಟ್ಟು ಹೊರಗೆ ಬಂದ್ರು. ಕಾದಂಬರಿ ಓದೋದ್ರಲ್ಲಿ ರಾಷ್ಟ್ರೀಯ ಆದ್ಯತೆ ಯಾವುದು ಅಂತ ಯಾರು ಹೇಳ್ಬೇಕು ಹೇಳಿ.

ಹಾಗಾದ್ರೆ ಸಾಹುಕಾರರೇ ಕೊಡ್ಲಿ? ಕೊಟ್ಟಿದ್ದಾರೆ, ಚೆನ್ನಾಗೇ ಆಗಿದೆ. 2010ರಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರ ಮಗ ರೋಹನ್ ಮೂರ್ತಿ ಹಾರ್ವರ್ಡ್‌ಗೆ 52 ಲಕ್ಷ ಡಾಲರ್ ಕೊಟ್ಟು ಮೂರ್ತಿ ಕ್ಲಾಸಿಕಲ್ ಲೈಬ್ರರಿ ಅನ್ನೋ ಪುಸ್ತಕ ಮಾಲೆ ಶುರು ಮಾಡಿಸಿದ್ರು. ನಮ್ಮ ರಾಘವಾಂಕನ ಹರಿಶ್ಚಂದ್ರ ಕಾವ್ಯ 2017ರಲ್ಲಿ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದದ ಜತೆ ಅಲ್ಲಿಂದ ಬಂತು, ಒಂದು ಪುಟ ಕನ್ನಡ ಲಿಪಿ, ಎದುರು ಪುಟ ಇಂಗ್ಲಿಷ್, ನೋಡೋಕೇ ಖುಷಿ. ಆದ್ರೆ 2016ರ ಫೆಬ್ರವರೀಲಿ 132 ಜನ ಸಹಿ ಹಾಕಿ ದುಡ್ಡು ಕೊಟ್ಟ ಮನೆಗೇ ಅರ್ಜಿ ಕಳಿಸಿದ್ರು, ಮಾಲೆಯ ಪ್ರಧಾನ ಸಂಪಾದಕ, ಅಮೆರಿಕದ ಸಂಸ್ಕೃತ ವಿದ್ವಾಂಸ ಶೆಲ್ಡನ್ ಪೊಲಾಕ್‌ರನ್ನ ತೆಗೀರಿ ಅಂತ. ರೋಹನ್ ಮೂರ್ತಿ ತೆಗೆಯಲ್ಲ ಅಂದ್ರು. ಒಳ್ಳೇದಾಯ್ತು. ಆದ್ರೆ ಅವತ್ತು ಆ ಒಬ್ಬ ಮನುಷ್ಯನ ಮೂಡ್ ಬೇರೆ ಇದ್ದಿದ್ರೆ? ಸರ್ಕಾರದ ದುಡ್ಡಾದ್ರೆ ಕನಿಷ್ಠ ಲೋಕಸಭೇಲಿ ಒಬ್ಬ ಎಂಪಿ ಎದ್ದು ಕೇಳ್ಬಹುದು.

ಕೇಳಿದ್ದಾರೆ ಕೂಡ. 2020ರಲ್ಲಿ ಹಾಗೆ ಕೇಳಿದ್ದಕ್ಕೆ ಬಂದ ಉತ್ತರ: 2017ರಿಂದ ಮೂರು ವರ್ಷದಲ್ಲಿ ಸಂಸ್ಕೃತಕ್ಕೆ 643.84 ಕೋಟಿ, ಆಗ ಇದ್ದ ಬಾಕಿ ಐದೂ ಶಾಸ್ತ್ರೀಯ ಭಾಷೆಗಳಿಗೆ ಸೇರಿ 29 ಕೋಟಿ, ಅದರಲ್ಲಿ ತಮಿಳಿಗೇ ಹೆಚ್ಚು, ಕನ್ನಡಕ್ಕೆ ಮೂರೂ ವರ್ಷ ಕೂಡಿದ್ರೆ ಸುಮಾರು 3 ಕೋಟಿ. ನ್ಯಾಯವಾಗಿ ಹೇಳ್ಬೇಕಂದ್ರೆ ಈ ಹೋಲಿಕೆ ಪೂರ್ತಿ ಸರಿಯಿಲ್ಲ, ಸಂಸ್ಕೃತದ ಮೊತ್ತದಲ್ಲಿ ಯೂನಿವರ್ಸಿಟಿಯಂಥ ಸಂಸ್ಥೆಗಳ ಖರ್ಚಿದೆ, ಮೇಷ್ಟ್ರ ಸಂಬಳ, ಕಟ್ಟಡ ಎಲ್ಲ. ಆದ್ರೆ ಆಮೇಲೆ ಬರೋ ಪ್ರಶ್ನೆ ಅದೇ ಅಲ್ವಾ, ಶಾಸ್ತ್ರೀಯ ಕನ್ನಡಕ್ಕೆ ಅಂಥ ಸಂಸ್ಥೆ ಯಾಕಿಲ್ಲ? 2008ರಲ್ಲಿ ಸ್ಥಾನಮಾನ ಸಿಕ್ಕಾಗ ಪಟಾಕಿ ಹೊಡೆದ್ವಿ, ಆಮೇಲೆ ಸಿಕ್ಕಿದ್ದು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಕೆಳಗೆ ಒಂದು ಕೇಂದ್ರ. ತಮಿಳಿಗೆ ಚೆನ್ನೈಯಲ್ಲಿ ಸ್ವಾಯತ್ತ ಸಂಸ್ಥೆಯೇ ಇದೆ. ಅವರು ಬಿಡದೇ ಬೆನ್ನು ಹತ್ತಿದ್ರು, ನಾವು ಮೆರವಣಿಗೆ ಮುಗಿಸಿ ಮನೆಗೆ ಬಂದ್ವಿ.

ಒಂದು ಮಾತು ಒಪ್ಕೋತೀನಿ, ಕನ್ನಡದ ಪಿಎಚ್‌ಡಿಗಳಲ್ಲಿ ಕಳಪೆ ಬೇಕಾದಷ್ಟಿದೆ. ಯಾವ ಯೂನಿವರ್ಸಿಟಿ ಲೈಬ್ರರಿಗಾದ್ರೂ ಹೋಗಿ ಕಪಾಟು ನೋಡಿ, "ಇಂಥವರ ಕಾದಂಬರಿಗಳು: ಒಂದು ಅಧ್ಯಯನ", "ಇಂಥವರ ನಾಟಕಗಳು: ಒಂದು ಅಧ್ಯಯನ", ಮೊದಲ ಅಧ್ಯಾಯ ಲೇಖಕರ ಬದುಕು, ಎರಡನೇದು ಕಥೆಯ ಸಾರಾಂಶ, ಕೊನೇದು ಉಪಸಂಹಾರ. ಓದಿದ್ರೆ ನನ್ನ ಸೋದರಮಾವನ ಕಡೆಗೇ ಸೇರ್ಕೊಂಡ್ಬಿಡೋಣ ಅನ್ಸುತ್ತೆ. ಆದ್ರೆ ಅದು ದುಡ್ಡು ಜಾಸ್ತಿ ಆಗಿ ಬಂದ ರೋಗ ಅಂತ ನನಗನ್ಸಲ್ಲ. ಬಡ್ತಿಗೆ ಡಿಗ್ರಿ ಬೇಕು, ಡಿಗ್ರಿಗೆ ಪೇಪರ್ ಬೇಕು, ದುಡ್ಡು ಕೊಟ್ರೆ ಪೇಪರ್ ಛಾಪಿಸೋ ಪತ್ರಿಕೆಗಳು ಬೀದಿ ಬೀದೀಲಿವೆ. ಹಳಗನ್ನಡ, ಶಾಸನ, ಪಕ್ಕದ ಒಂದು ಭಾಷೆ ಇಷ್ಟು ಕಲಿಯೋಕೇ ಮೂರು ವರ್ಷ ಬೇಕು, ಅಷ್ಟು ಹೊತ್ತು ಹೊಟ್ಟೆ ಚಿಂತೆ ಇಲ್ಲದೇ ಕೂತ್ಕೊಳ್ಳೋನು ಸಿಗಲ್ಲ, ಅದಕ್ಕೇ ಎಲ್ಲರೂ ಕೈಗೆ ಸಿಕ್ಕಿದ ಹೊಸ ಕಾದಂಬರಿ ಹಿಡ್ಕೊಂಡು ಸಾರಾಂಶ ಬರೆದು ಕೊಡ್ತಾರೆ.

ಅಂದ ಹಾಗೆ ಅಮ್ಮನ ಸರ ಅಡ ಇಟ್ಟಿದ್ದ ನನ್ನ ಗೆಳೆಯ ಪಿಎಚ್‌ಡಿ ಮುಗಿಸಿದ, ಏಳು ವರ್ಷ ಹಿಡೀತು. ಶಾಸನಗಳಲ್ಲಿ ಬರೋ ಕೆರೆ ದುರಸ್ತಿಯ ಪದಗಳ ಮೇಲೆ ಅವನ ಕೆಲಸ. ಹೋದ ಸಲ ಸಿಕ್ಕಾಗ ಹೇಳ್ತಿದ್ದ, ಅವನ ಪಟ್ಟೀಲಿ ಸುಮಾರು ನಲವತ್ತು ಪದ ಇದೆಯಂತೆ, ಯಾವ ನಿಘಂಟಲ್ಲೂ ಅರ್ಥ ಸಿಕ್ಕಿಲ್ಲ, ಅರ್ಥ ಗೊತ್ತಿರಬಹುದಾದ ಮುದುಕರನ್ನ ಹುಡುಕ್ಕೊಂಡು ಕೋಲಾರದ ಹಳ್ಳಿಗಳಿಗೆ ಹೋಗ್ಬೇಕು ಅಂತಿದ್ದ, ಬಸ್ ಚಾರ್ಜ್ ಎಷ್ಟಾಗುತ್ತೆ ಅಂತ ಲೆಕ್ಕ ಹಾಕ್ತಾ ಇದ್ದ.