ಆಂಬುಲೆನ್ಸ್‌ನಲ್ಲಿ ಡ್ರೈವರ್ ಜೊತೆ ಯಾರು ಬರ್ತಾರೆ?

ಏಳೆಂಟು ವರ್ಷದ ಹಿಂದೆ, ಮಳೆಗಾಲದ ಒಂದು ರಾತ್ರಿ ನಮ್ಮ ದೊಡ್ಡಪ್ಪನಿಗೆ ದಮ್ಮು ಜೋರಾಯಿತು. ನಮ್ಮದು ಮಲೆನಾಡಿನ ಊರು. ಹತ್ತಿರದ ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಇಟ್ಟರು, ಇಂಜೆಕ್ಷನ್ ಕೊಟ್ಟರು. ಆಮೇಲೆ ‘ಇನ್ನು ಇಲ್ಲಿ ಆಗೋದಿಲ್ಲ, ಘಾಟಿ ಇಳಿಸಿ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ’ ಎಂದರು. ಯಾರೋ ಒಂದು ಖಾಸಗಿ ಆಂಬುಲೆನ್ಸ್‌ನ ನಂಬರ್ ಕೊಟ್ಟರು. ಇಪ್ಪತ್ತು ನಿಮಿಷದಲ್ಲಿ ಗಾಡಿ ಬಂತು. ಹಳೆಯ ಓಮ್ನಿ. ತಲೆ ಮೇಲೆ ತಿರುಗುವ ದೀಪ, ಪಕ್ಕದಲ್ಲಿ ದೊಡ್ಡದಾಗಿ ‘ಐಸಿಯು’ ಎಂಬ ಸ್ಟಿಕ್ಕರ್. ಒಳಗೆ ಒಂದು ಸ್ಟ್ರೆಚರ್, ಒಂದು ಆಕ್ಸಿಜನ್ ಸಿಲಿಂಡರ್. ಡ್ರೈವರ್ ಬಿಟ್ಟರೆ ಬೇರೆ ಯಾರೂ ಇಲ್ಲ.

ಘಾಟಿಯ ನಡುವೆ ಸಿಲಿಂಡರಿನ ಮುಳ್ಳು ಕೆಳಗಿಳಿಯತೊಡಗಿತು. ಅದು ಎಷ್ಟು ಹೊತ್ತು ಬರುತ್ತದೆ, ಗಾಳಿ ಜಾಸ್ತಿ ಬಿಡಬೇಕಾ, ಕಡಿಮೆ ಮಾಡಬೇಕಾ, ನನಗೆ ಗೊತ್ತಿರಲಿಲ್ಲ. ಡ್ರೈವರಿಗೂ ಗೊತ್ತಿರಲಿಲ್ಲ. ಮಾಸ್ಕ್ ಹಿಡಿದುಕೊಂಡು ದೊಡ್ಡಪ್ಪನ ಮುಖ ನೋಡುತ್ತಾ ಕೂತಿದ್ದೆ, ಅಷ್ಟೇ. ದೊಡ್ಡಪ್ಪ ಉಳಿದರು. ಆ ಡ್ರೈವರ್ ಜೀವ ಕೈಯಲ್ಲಿ ಹಿಡಿದು ಗಾಡಿ ಓಡಿಸಿದ್ದ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಫೋನ್ ಮಾಡಿದಾಗ ನಾವು ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ಹೊತ್ತಿಗೆ ಬರ್ತೀರಿ?’ ಗಾಡಿಯಲ್ಲಿ ಏನಿದೆ, ಯಾರಿರುತ್ತಾರೆ ಅಂತ ಕೇಳಬೇಕು ಎನ್ನುವುದೇ ಹೊಳೆದಿರಲಿಲ್ಲ.

ಆಂಬುಲೆನ್ಸ್ ಎಂಬ ಪದಕ್ಕೆ ಮೂಲದಲ್ಲಿ ಗಾಡಿ ಎಂಬ ಅರ್ಥವೇ ಇರಲಿಲ್ಲ. ಲ್ಯಾಟಿನ್‌ನಲ್ಲಿ ‘ಆಂಬುಲಾರೆ’ ಅಂದರೆ ನಡೆಯುವುದು. ಫ್ರೆಂಚರು ಸೈನ್ಯದ ಹಿಂದೆ ಹಿಂದೆ ಸಾಗುವ ಆಸ್ಪತ್ರೆಗೆ ‘ನಡೆದಾಡುವ ಆಸ್ಪತ್ರೆ’ ಎನ್ನುತ್ತಿದ್ದರು. ಆ ‘ನಡೆದಾಡುವ’ ಎಂಬ ಭಾಗವೇ ಮುಂದೆ ಆಂಬುಲೆನ್ಸ್ ಆಯಿತು. ಕಾಲಕ್ರಮದಲ್ಲಿ ಆಸ್ಪತ್ರೆ ಬಿದ್ದುಹೋಗಿ ನಡೆದಾಟ ಮಾತ್ರ ಉಳಿಯಿತು. ಬಿದ್ದುಹೋದ ಆಸ್ಪತ್ರೆಯನ್ನು ಮತ್ತೆ ಗಾಡಿಯೊಳಗೆ ತರಲು ನಡೆದ ಕೆಲಸದ ಕಥೆ ಇದು. ಆ ಕೆಲಸ ಇನ್ನೂ ಮುಗಿದಿಲ್ಲ.

1792ರ ಹೊತ್ತಿಗೆ ಫ್ರೆಂಚ್ ಸೈನ್ಯದಲ್ಲಿ ಡೊಮಿನಿಕ್ ಜೀನ್ ಲಾರೆ ಎಂಬ ಸರ್ಜನ್ ಇದ್ದರು. ಆಗಿನ ನಿಯಮದಂತೆ ಆಸ್ಪತ್ರೆಯ ಗಾಡಿಗಳು ರಣರಂಗದಿಂದ ನಾಲ್ಕೈದು ಕಿಲೋಮೀಟರ್ ಹಿಂದೆ ನಿಲ್ಲಬೇಕಿತ್ತು. ಯುದ್ಧ ಮುಗಿಯುವ ತನಕ ಗಾಯಾಳುಗಳು ಬಿದ್ದಲ್ಲೇ ಬಿದ್ದಿರುತ್ತಿದ್ದರು. ಕುದುರೆ ಕಟ್ಟಿದ ಹಗುರ ಫಿರಂಗಿಗಳು ಸರಸರನೆ ಓಡಾಡುವುದನ್ನು ಲಾರೆ ನೋಡಿದರು. ಫಿರಂಗಿ ಹೀಗೆ ಓಡಬಹುದಾದರೆ ವೈದ್ಯ ಯಾಕೆ ಓಡಬಾರದು? ಹಗುರವಾದ ಗಾಡಿ ಮಾಡಿಸಿ, ಸರ್ಜನ್‌ಗಳನ್ನೂ ಸಹಾಯಕರನ್ನೂ ಬ್ಯಾಂಡೇಜನ್ನೂ ಗಾಯಾಳು ಇದ್ದಲ್ಲಿಗೇ ಕಳಿಸಿದರು. ಇವಕ್ಕೆ ‘ಹಾರುವ ಆಂಬುಲೆನ್ಸ್’ ಎಂಬ ಹೆಸರು ಬಂತು. ಪದವಿ ನೋಡಬೇಡಿ, ಯಾರ ಗಾಯ ಜಾಸ್ತಿ ಅಪಾಯದ್ದೋ ಅವರಿಗೆ ಮೊದಲು ಚಿಕಿತ್ಸೆ ಕೊಡಿ ಎಂದವರೂ ಇವರೇ. ಇವತ್ತು ಕ್ಯಾಶುವಾಲ್ಟಿಯಲ್ಲಿ ನರ್ಸ್ ನಮ್ಮನ್ನು ಕೂರಿಸಿ, ಆಮೇಲೆ ಬಂದವರನ್ನು ಮೊದಲು ಒಳಗೆ ಕರೆದಾಗ ನಮಗೆ ಸಿಟ್ಟು ಬರುತ್ತದೆ, ಅಲ್ವಾ? ಆ ಪದ್ಧತಿಗೆ ಇನ್ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ.

1869ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆ ಕುದುರೆಗಾಡಿಯ ಆಂಬುಲೆನ್ಸ್ ಶುರು ಮಾಡಿದಾಗ ಅದರಲ್ಲೂ ವೈದ್ಯರು ಇರುತ್ತಿದ್ದರು. ಆದರೆ ಎರಡನೇ ಮಹಾಯುದ್ಧದ ಕಾಲಕ್ಕೆ ವೈದ್ಯರೆಲ್ಲ ಸೈನ್ಯಕ್ಕೆ ಹೋದರು. ಅಮೆರಿಕದ ಎಷ್ಟೋ ಊರುಗಳಲ್ಲಿ ಆಂಬುಲೆನ್ಸ್ ಕೆಲಸ ಪೊಲೀಸರ ಪಾಲಾಯಿತು, ಇಲ್ಲವೇ ಶವಸಂಸ್ಕಾರದ ಅಂಗಡಿಗಳ ಪಾಲಾಯಿತು. ಕಾರಣ ಸರಳ. ಮನುಷ್ಯರನ್ನು ಮಲಗಿಸಿ ಒಯ್ಯುವಷ್ಟು ಉದ್ದದ ಗಾಡಿ ಅವರ ಹತ್ತಿರವೇ ಇತ್ತು. ಹೆಣ ಸಾಗಿಸುವ ಗಾಡಿಯೇ ರೋಗಿಯನ್ನೂ ಸಾಗಿಸುತ್ತಿತ್ತು. ಹಿಂದೆ ಯಾರೂ ಕೂರುತ್ತಿರಲಿಲ್ಲ.

ಇದು ಬದಲಾದದ್ದು 1966–67ರ ಸುಮಾರಿಗೆ. 1966ರಲ್ಲಿ ಅಮೆರಿಕದಲ್ಲಿ ಅಪಘಾತದ ಸಾವುಗಳ ಬಗ್ಗೆ ಒಂದು ರಾಷ್ಟ್ರಮಟ್ಟದ ವರದಿ ಬಂದು, ದಾರಿಯಲ್ಲಿ ಚಿಕಿತ್ಸೆ ಸಿಗದೆ ಜನ ಸಾಯುತ್ತಿದ್ದಾರೆ ಎಂದು ನೇರವಾಗಿ ಹೇಳಿತು. ಅದೇ ವರ್ಷ ಪಿಟ್ಸ್‌ಬರ್ಗ್‌ನಲ್ಲಿ ಡಾ. ಪೀಟರ್ ಸಾಫರ್ ಅವರ ಪುಟ್ಟ ಮಗಳು ಆಸ್ತಮಾದಿಂದ ತೀರಿಕೊಂಡಳು. ಸಾಫರ್ ಸಾಮಾನ್ಯ ವೈದ್ಯರಲ್ಲ. ಉಸಿರು ನಿಂತವರಿಗೆ ಬಾಯಿಂದ ಉಸಿರು ಕೊಟ್ಟು, ಎದೆ ಒತ್ತಿ ಬದುಕಿಸುವ ಸಿಪಿಆರ್ ವಿಧಾನವನ್ನು ರೂಪಿಸಿದವರಲ್ಲಿ ಒಬ್ಬರು. ಮಗಳನ್ನು ಕಳೆದುಕೊಂಡವರು ಹಠ ಹಿಡಿದು ದಾರಿಯ ಚಿಕಿತ್ಸೆಯ ಹಿಂದೆ ಬಿದ್ದರು. 1967ರಲ್ಲಿ ‘ಫ್ರೀಡಂ ಹೌಸ್’ ಎಂಬ ಆಂಬುಲೆನ್ಸ್ ಸೇವೆ ಹುಟ್ಟಿತು. ಸೇರಿಸಿಕೊಂಡದ್ದು ಯಾರನ್ನು? ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಬಡಾವಣೆಯ ಕಪ್ಪು ಜನಾಂಗದ ಯುವಕರನ್ನು. ಕೆಲಸವಿಲ್ಲ, ‘ಇವರಿಗೆ ಕೆಲಸ ಕಲಿಸಲಾಗದು’ ಎಂದು ಊರು ಕೈಬಿಟ್ಟಿದ್ದವರನ್ನು. ಅವರಿಗೆ ಸುಮಾರು 300 ಗಂಟೆಗಳ ತರಬೇತಿ ಸಿಕ್ಕಿತು. ಉಸಿರುದಾರಿ ತೆರೆಯುವುದು, ಎದೆ ಒತ್ತುವುದು, ರಕ್ತ ನಿಲ್ಲಿಸುವುದು, ಹೆರಿಗೆ ಮಾಡಿಸುವುದು ಎಲ್ಲ ಕಲಿತರು. ಮುಂದೆ ಡಾ. ನ್ಯಾನ್ಸಿ ಕ್ಯಾರೊಲಿನ್ ಇವರ ಜೊತೆ ಸೇರಿ, ಇವರು ಮಾಡುತ್ತಿದ್ದ ಕೆಲಸವನ್ನೇ ಪಾಠವಾಗಿ ಬರೆದರು. ವೈದ್ಯರಲ್ಲದವರೂ ಸರಿಯಾಗಿ ಕಲಿತರೆ ರಸ್ತೆಯಲ್ಲೇ ಜೀವ ಉಳಿಸಬಹುದು ಎಂದು ತೋರಿಸಿದ ಮೊದಲಿಗರಲ್ಲಿ ಇವರಿದ್ದರು. 1975ರಲ್ಲಿ ನಗರಾಡಳಿತ ಈ ಸೇವೆಯನ್ನು ಮುಚ್ಚಿ ತನ್ನದೇ ತಂಡ ಕಟ್ಟಿತು. ಹಳಬರಲ್ಲಿ ಹೆಚ್ಚಿನವರು ಬದಿಗೆ ಸರಿದರು. ಇವತ್ತು ಜಗತ್ತಿನಲ್ಲಿ ಪ್ಯಾರಾಮೆಡಿಕ್ ಎಂದು ಕರೆಸಿಕೊಳ್ಳುವವರೆಲ್ಲ ಆ ಹುಡುಗರಿಗೆ ಋಣಿಗಳು ಎಂದೇ ನನ್ನ ಭಾವನೆ.

ಅತ್ತ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಡಾ. ಫ್ರಾಂಕ್ ಪ್ಯಾಂಟ್ರಿಜ್ ಇನ್ನೊಂದು ದಾರಿ ಹಿಡಿದಿದ್ದರು. ಹೃದಯಾಘಾತ ಆದವರಲ್ಲಿ ಬಹಳಷ್ಟು ಮಂದಿ ಆಸ್ಪತ್ರೆ ಮುಟ್ಟುವ ಮೊದಲೇ ಸಾಯುತ್ತಿದ್ದರು. ಎದೆಗೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಆಸ್ಪತ್ರೆಯೊಳಗೆ ಇತ್ತು, ಬೇಕಾದವರು ಹೊರಗಿದ್ದರು. ಪ್ಯಾಂಟ್ರಿಜ್ ಆ ಯಂತ್ರಕ್ಕೆ ಕಾರಿನ ಬ್ಯಾಟರಿ ಜೋಡಿಸಿದರು. ತೂಕ ಸುಮಾರು 70 ಕಿಲೋ. 1966ರಲ್ಲಿ ಅದನ್ನು ಆಂಬುಲೆನ್ಸ್‌ಗೆ ಹತ್ತಿಸಿ ರೋಗಿಯ ಮನೆಬಾಗಿಲಿಗೆ ಒಯ್ದರು. ಹೃದಯ ಅಡ್ಡಾದಿಡ್ಡಿ ನಡುಗಿ ನಿಂತಾಗ ಶಾಕ್ ಕೊಡುವುದು ಒಂದು ನಿಮಿಷ ತಡವಾದರೂ ಬದುಕುವ ಸಾಧ್ಯತೆ 7ರಿಂದ 10 ಶೇಕಡಾ ಇಳಿಯುತ್ತದೆ. ಆ ಲೆಕ್ಕಕ್ಕೆ ಗಾಡಿ ಎಷ್ಟು ಜೋರಾಗಿ ಓಡಿದರೂ ಸಾಲದು. ಯಂತ್ರವೇ ಬರಬೇಕು.

ಪಿಟ್ಸ್‌ಬರ್ಗ್‌ನ ತರಬೇತಿ, ಬೆಲ್‌ಫಾಸ್ಟ್‌ನ ಯಂತ್ರ. ಇಂಥ ಪ್ರಯೋಗಗಳಿಂದಲೇ ನಾವು ಇವತ್ತು ಕೇಳುವ ಎರಡು ಮಟ್ಟಗಳು ಬೆಳೆದವು: ಬೇಸಿಕ್ ಲೈಫ್ ಸಪೋರ್ಟ್, ಅಂದರೆ ಬಿಎಲ್‌ಎಸ್. ಅಡ್ವಾನ್ಸ್‌ಡ್ ಲೈಫ್ ಸಪೋರ್ಟ್, ಅಂದರೆ ಎಎಲ್‌ಎಸ್. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯಲು ಸುಲಭವಾದ ಜಾಗ ನಮ್ಮ ಗಂಟಲು. ಬಿಎಲ್‌ಎಸ್‌ನಲ್ಲಿ ಉಸಿರಿಗೆ ಹೊರಗಿನಿಂದ ಸಹಾಯ. ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಡುತ್ತಾರೆ, ಬಾಯಲ್ಲಿ ತುಂಬಿದ ಕಫ, ರಕ್ತವನ್ನು ಸಕ್ಷನ್‌ನಿಂದ ತೆಗೆಯುತ್ತಾರೆ, ಬೇಕಾದರೆ ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತಾರೆ. ಮುರಿದ ಮೂಳೆಗೆ ಪಟ್ಟಿ ಕಟ್ಟುತ್ತಾರೆ, ಹೆರಿಗೆಯ ಕಿಟ್ ಇರುತ್ತದೆ. ಎಎಲ್‌ಎಸ್‌ನಲ್ಲಿ ಗಂಟಲೊಳಗೆ ಟ್ಯೂಬ್ ಇಳಿಸಿ ವೆಂಟಿಲೇಟರ್‌ಗೆ ಜೋಡಿಸುವ ವ್ಯವಸ್ಥೆ ಇರುತ್ತದೆ. ಹೃದಯದ ಬಡಿತ ತೋರಿಸುವ ಮಾನಿಟರ್, ಡಿಫಿಬ್ರಿಲೇಟರ್, ಔಷಧಿಯನ್ನು ಹನಿಹನಿಯಾಗಿ ಅಳೆದು ಕೊಡುವ ಸಿರಿಂಜ್ ಪಂಪ್ ಇರುತ್ತವೆ. ಆದರೆ ಟ್ಯೂಬ್ ಇಳಿಸಲು ಬಲ್ಲವರು ಇಲ್ಲದಿದ್ದರೆ? ಆ ವೆಂಟಿಲೇಟರ್ ಸುಮ್ನೆ ಒಂದು ಡಬ್ಬ. ಮಟ್ಟ ಎನ್ನುವುದು ಯಂತ್ರದ ಲೆಕ್ಕವೂ ಹೌದು, ಕೈಯ ಲೆಕ್ಕವೂ ಹೌದು.

ಫ್ರಾನ್ಸ್‌ನಲ್ಲಿ ಗಂಭೀರ ಪ್ರಕರಣಕ್ಕೆ ಇಂದಿಗೂ ಗಾಡಿಯಲ್ಲೇ ವೈದ್ಯರು ಹೋಗುತ್ತಾರೆ. ಅಮೆರಿಕದಲ್ಲಿ ಪ್ಯಾರಾಮೆಡಿಕ್‌ಗಳು ಹೋಗುತ್ತಾರೆ. ನಮ್ಮ 108ರಲ್ಲಿ ಇಬ್ಬರು: ಇಎಂಟಿ ಎನ್ನುವ ತುರ್ತು ಚಿಕಿತ್ಸಾ ಸಿಬ್ಬಂದಿ ಮತ್ತು ಅವರು ‘ಪೈಲಟ್’ ಎಂದು ಕರೆಯುವ ಡ್ರೈವರ್. ಕಾಲ್ ಸೆಂಟರ್‌ನಲ್ಲಿ ಕೂತ ವೈದ್ಯರು ಫೋನ್‌ನಲ್ಲಿ ಇಎಂಟಿಗೆ ಸಲಹೆ ಕೊಡುತ್ತಾರೆ.

ಈ 108 ಶುರುವಾದದ್ದು 2005ರ ಆಗಸ್ಟ್ 15ರಂದು, ಹೈದರಾಬಾದ್‌ನಲ್ಲಿ. ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಬಂದದ್ದು 2008ರ ನವೆಂಬರ್ 1, ರಾಜ್ಯೋತ್ಸವದ ದಿನ. ಅದಕ್ಕೂ ಮುಂಚೆ ನಮ್ಮ ಹಳ್ಳಿಗಳಲ್ಲಿ ಆಂಬುಲೆನ್ಸ್ ಅಂದರೆ ಊರಿನ ಯಾರದೋ ಜೀಪು. ಹೆರಿಗೆ ನೋವು ಬಂದವರನ್ನು ಹಾಲಿನ ವ್ಯಾನಿನಲ್ಲಿ ಒಯ್ದ ಕಥೆ ಪ್ರತಿ ಊರಲ್ಲೂ ಇದೆ. ಹಾಗಾಗಿ 108ಕ್ಕೆ ಬರುವ ಕರೆಗಳಲ್ಲಿ ಗರ್ಭಿಣಿಯರದ್ದು ದೊಡ್ಡ ಪಾಲು ಇರುವುದು ನನಗೆ ಆಶ್ಚರ್ಯದ ವಿಷಯವಲ್ಲ. ದಾರಿಯಲ್ಲೇ ಹೆರಿಗೆ ಮಾಡಿಸಿದ ಇಎಂಟಿಗಳು ಎಷ್ಟೋ ಮಂದಿ ಇದ್ದಾರೆ.

ಇಷ್ಟಾದರೂ, ಯಾವ ಗಾಡಿಯನ್ನು ಏನೆಂದು ಕರೆಯಬೇಕು ಎನ್ನುವುದಕ್ಕೆ ದೇಶದಲ್ಲಿ ಬಹುಕಾಲ ಒಂದು ಅಳತೆ ಇರಲಿಲ್ಲ. ಸೈರನ್ ಕೂರಿಸಿದರೆ ಆಂಬುಲೆನ್ಸ್, ಸ್ಟಿಕ್ಕರ್ ಅಂಟಿಸಿದರೆ ಐಸಿಯು. ಅದಕ್ಕೆಂದೇ ಎಐಎಸ್‌-125 ಎಂಬ, ವಾಹನಗಳಿಗೆಂದು ಮಾಡಿದ ರಾಷ್ಟ್ರೀಯ ಮಾನದಂಡ ಬಂತು. ಅದು ಆಂಬುಲೆನ್ಸ್‌ಗಳನ್ನು ನಾಲ್ಕಾಗಿ ವಿಂಗಡಿಸುತ್ತದೆ. ‘ಎ’ ಮಾದರಿ ರೋಗಿಯನ್ನು ಸಾಗಿಸುವುದಿಲ್ಲ, ಚಿಕಿತ್ಸೆ ಕೊಡುವವರನ್ನು ಬೇಗ ತಲುಪಿಸುತ್ತದೆ. 2015ರಲ್ಲಿ ಬೆಂಗಳೂರಿನ ಟ್ರಾಫಿಕ್ ನಡುವೆ ನುಗ್ಗಲೆಂದು ಬಂದ ಬೈಕ್ ಆಂಬುಲೆನ್ಸ್‌ಗಳ ಹಿಂದೆ ಇದ್ದದ್ದೂ ಇದೇ ಯೋಚನೆ. ‘ಬಿ’ ಮಾದರಿ ತುರ್ತು ಇಲ್ಲದ ರೋಗಿಗಳಿಗೆ: ಡಯಾಲಿಸಿಸ್‌ಗೆ ಹೋಗಿಬರುವವರು, ಡಿಸ್ಚಾರ್ಜ್ ಆದವರು. ಬಾಣಂತಿ, ಮಗುವನ್ನು ಮನೆಗೆ ಬಿಡುವ ನಮ್ಮ ‘ನಗು-ಮಗು’ ವಾಹನಗಳ ಕೆಲಸವೂ ಹೆಚ್ಚುಕಡಿಮೆ ಇಂಥದ್ದೇ. ‘ಸಿ’ ಅಂದರೆ ಬಿಎಲ್‌ಎಸ್, ‘ಡಿ’ ಅಂದರೆ ಎಎಲ್‌ಎಸ್. ದೊಡ್ಡಪ್ಪನನ್ನು ಒಯ್ದ ಓಮ್ನಿಯನ್ನು ಈ ಅಳತೆಗೆ ಹಿಡಿದರೆ ಕಷ್ಟಪಟ್ಟು ‘ಬಿ’ ಎನ್ನಬಹುದಿತ್ತು. ಅವರಿಗೆ ಬೇಕಿದ್ದದ್ದು ‘ಡಿ’.

ರಾಷ್ಟ್ರೀಯ ಆರೋಗ್ಯ ಅಭಿಯಾನದ ಲೆಕ್ಕ ಹೀಗಿದೆ: ಒಂದು ಲಕ್ಷ ಜನಕ್ಕೆ ಒಂದು ಬಿಎಲ್‌ಎಸ್, 5 ಲಕ್ಷ ಜನಕ್ಕೆ ಒಂದು ಎಎಲ್‌ಎಸ್. 2023ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ 262 ಹೊಸ 108 ಆಂಬುಲೆನ್ಸ್‌ಗಳನ್ನು ರಸ್ತೆಗೆ ಇಳಿಸಿತು. ಅದರಲ್ಲಿ 157 ಬಿಎಲ್‌ಎಸ್, 105 ಎಎಲ್‌ಎಸ್. ಐದಕ್ಕೆ ಎರಡು ಎಎಲ್‌ಎಸ್ ಎನ್ನುವುದು ಸಣ್ಣ ವಿಷಯವಲ್ಲ. ನನಗೆ ಖುಷಿ ಕೊಟ್ಟ ಸುದ್ದಿ ಅದು. ಆದರೆ ಗಾಡಿ ಹಗಲೂ ರಾತ್ರಿ ಓಡಬೇಕು. ಪ್ರತಿ ಪಾಳಿಗೂ ಕಲಿತ ಕೈಗಳು ಬೇಕು, ಆ ಕೈಗಳಿಗೆ ಸಂಬಳ ಹೊತ್ತಿಗೆ ಸರಿಯಾಗಿ ಸಿಗಬೇಕು. ಬಾಕಿ ಸಂಬಳಕ್ಕಾಗಿ 108 ಸಿಬ್ಬಂದಿ ಮುಷ್ಕರದ ಮಾತಾಡಿದ್ದನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಹೊಸ ಗಾಡಿಗೆ ಹಸಿರು ಬಾವುಟ ತೋರಿಸುವ ಫೋಟೋ ಮೊದಲ ಪುಟದಲ್ಲಿ ಬರುತ್ತದೆ. ಒಳಗೆ ಕೂರುವವರ ತರಬೇತಿಯ ಬಗ್ಗೆ ಅಷ್ಟು ಸುದ್ದಿ ಬರುವುದಿಲ್ಲ.

2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆ ಇದ್ದ 40 ದಿನದ ಮಗುವನ್ನು ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿಸಿದ್ದು ನೆನಪಿದೆಯಾ? ದಾರಿಯುದ್ದಕ್ಕೂ ಜೀರೋ ಟ್ರಾಫಿಕ್. ಊರೂರಲ್ಲಿ ಜನ ನಿಂತು ದಾರಿ ಬಿಟ್ಟುಕೊಟ್ಟರು, ಮೊಬೈಲ್‌ನಲ್ಲಿ ಲೈವ್ ನೋಡಿ ಪ್ರಾರ್ಥಿಸಿದರು. ನಾನೂ ನೋಡಿದೆ, ಕಣ್ಣು ತುಂಬಿ ಬಂತು. ನಾವೆಲ್ಲ ಹೊಗಳಿದ್ದು ವೇಗವನ್ನು. ಅಷ್ಟು ಹೊತ್ತು ಓಡುವ ಗಾಡಿಯೊಳಗೆ ಅಂಥ ಪುಟ್ಟ ಮಗುವನ್ನು ನೋಡಿಕೊಳ್ಳುವುದು ಎಂಥ ಕೆಲಸ ಎಂದು ಯೋಚಿಸಿದವರು ಕಡಿಮೆ. ತಿರುವು ತಿರುವಿಗೂ ಮಾಸ್ಕ್ ಜರುಗದಂತೆ, ಮೈ ತಣ್ಣಗಾಗದಂತೆ ಯಾರೋ ಒಬ್ಬರು ಕಣ್ಣು ಮಿಟುಕಿಸದೆ ಕೂರಬೇಕು.

ದಾರಿ ಬಿಡುವುದು ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ಎರಡು ತುಂಡಾದ ಹರೀಶ್ ನಂಜಪ್ಪ, ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದರು. ಅವರ ಹೆಸರಿನಲ್ಲೇ ‘ಸಾಂತ್ವನ ಹರೀಶ್’ ಯೋಜನೆ ಬಂತು. ಅಪಘಾತವಾದ ಮೊದಲ 48 ಗಂಟೆ 25,000 ರೂಪಾಯಿವರೆಗೆ ಚಿಕಿತ್ಸೆ ಉಚಿತ ಎಂದಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅಪಘಾತದ ನಂತರದ ಮೊದಲ ಒಂದು ಗಂಟೆಯನ್ನು ‘ಗೋಲ್ಡನ್ ಅವರ್’ ಎಂದು ಕಾನೂನಿನಲ್ಲೇ ಬರೆಯಿತು. ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಟ್ಟಿತು. ಆಂಬುಲೆನ್ಸ್‌ಗೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

2021ರ ಅಕ್ಟೋಬರ್ 29ರಂದು ಅಪ್ಪು ಹೋದ ಮೇಲೆ ರಾಜ್ಯದ ಮನೆಮನೆಯಲ್ಲೂ ಹೃದಯಾಘಾತದ ಮಾತು. ಮುಂದೆ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ಬಂತು. ಎದೆನೋವು ಎಂದು ತಾಲ್ಲೂಕು ಆಸ್ಪತ್ರೆಗೆ ಹೋದರೆ ಅಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಆಮೇಲೆ ಮುಂದಿನ ಆಸ್ಪತ್ರೆಗೆ ಪಯಣ. ಲಾರೆ ಹೇಳಿದ್ದೂ ಇದನ್ನೇ ಅಲ್ವಾ? ಮೊದಲು ಚಿಕಿತ್ಸೆ ರೋಗಿ ಇರುವ ಕಡೆಗೆ ಹೋಗಲಿ.

ಹೋದ ತಿಂಗಳು ಪಕ್ಕದ ಮನೆಯ ಅಜ್ಜಿಯನ್ನು ಘಾಟಿ ಇಳಿಸಬೇಕಾಯಿತು. 108ಕ್ಕೆ ಫೋನ್ ಮಾಡಿದರೆ ಹತ್ತಿರದ ಗಾಡಿ ಬೇರೆ ಕರೆಗೆ ಹೋಗಿತ್ತು. ಖಾಸಗಿಯವರಿಗೆ ಮಾಡಿದೆವು. ಈ ಸಲ ನಾನು ಕೇಳಿದೆ: ‘ಡ್ರೈವರ್ ಜೊತೆ ಯಾರು ಬರ್ತಾರೆ? ಸಿಲಿಂಡರ್ ಎಷ್ಟು ಹೊತ್ತು ಬರುತ್ತೆ? ಮಾನಿಟರ್ ಇದೆಯಾ?’ ಆ ಕಡೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಹತ್ತು ನಿಮಿಷ ಜಾಸ್ತಿ ಕೊಡಿ ಸಾರ್. ನರ್ಸ್ ಒಬ್ರು ಇದ್ದಾರೆ, ಅವರನ್ನ ಮನೆಯಿಂದ ಹತ್ತಿಸ್ಕೊಂಡೇ ಬರ್ತೀನಿ’ ಎಂದರು.